ಮಗ ಬಾಯಿ ಬಿಡುತ್ತಿಲ್ಲ, ಕೌನ್ಸೆಲಿಂಗ್ ನಿಲ್ಲಿಸಲೇ?

ದಾವಣಗೆರೆಯ ತಾಯಿಯೊಬ್ಬರು ಹೆಸರು ಹಾಕಬೇಡಿ ಎಂಬ ಕೋರಿಕೆಯೊಂದಿಗೆ ಬರೆದ ಪತ್ರದ ಸಾರಾಂಶ ಇದು. ಮಗನಿಗೆ 16 ವರ್ಷ, ಪ್ರಥಮ ಪಿಯುಸಿ. ದಸರಾ ರಜೆ ಮುಗಿದಾಗಿನಿಂದ ಕಾಲೇಜಿಗೆ ಸರಿಯಾಗಿ ಹೋಗುತ್ತಿಲ್ಲ. ರಾತ್ರಿ ಎರಡರವರೆಗೂ ಎಚ್ಚರ, ಊಟ ರೂಮಿನಲ್ಲೇ. ‘ಕರಿಯರ್ ಗೈಡೆನ್ಸ್’ ಎಂದು ಹೇಳಿ ಆಪ್ತಸಮಾಲೋಚಕಿಯೊಬ್ಬರ ಬಳಿ ಕರೆದುಕೊಂಡು ಹೋದರು. ಮೂರು ಸೆಷನ್ ಆದರೂ ‘ಗೊತ್ತಿಲ್ಲ’ ಬಿಟ್ಟು ಅವನ ಬಾಯಿಂದ ಬೇರೆ ಮಾತು ಬಂದಿಲ್ಲವಂತೆ. ಒಳಗೆ ಏನು ನಡೆಯಿತು ಎಂದು ಕೇಳಿದರೆ ಆ ಮೇಡಂ ಹೇಳುವುದಿಲ್ಲ. “ದುಡ್ಡು ದಂಡವಾಗುತ್ತಿದೆ. ನಿಲ್ಲಿಸಲೇ, ಬೇರೆಯವರನ್ನು ನೋಡಲೇ, ಗದರಿಸಿ ಕಳಿಸಲೇ?”

ಸದ್ಯಕ್ಕೆ ಮೂರೂ ಬೇಡ. ಅವನ ಮೌನಕ್ಕಿಂತ ಮೊದಲು ನಮ್ಮ ಕಣ್ಣಿಗೆ ಬಿದ್ದದ್ದು ಆ ‘ಕರಿಯರ್ ಗೈಡೆನ್ಸ್’. ಬಾಗಿಲ ಮೇಲಿನ ಬೋರ್ಡ್ ಓದಿದ ಕ್ಷಣವೇ ಅವನಿಗೆ ಸಂಗತಿ ಗೊತ್ತಾಗಿರುತ್ತದೆ. ಆಮೇಲೆ ಒಳಗಿರುವವರು ಎಷ್ಟು ಒಳ್ಳೆಯವರಾದರೂ ಅವನ ಲೆಕ್ಕದಲ್ಲಿ ಅಮ್ಮನ ಕಡೆಯವರೇ. ದೊಡ್ಡವರು ತಮಗೆ ಕಷ್ಟವಾದಾಗ ತಾವೇ ಹೋಗುತ್ತಾರೆ, ಮಕ್ಕಳನ್ನು ಬೇರೆಯವರು ಕರೆತರುತ್ತಾರೆ. ಈ ವ್ಯತ್ಯಾಸವನ್ನು ಮಕ್ಕಳ ಮನೋವಿಶ್ಲೇಷಕಿ ಆನ್ನಾ ಫ್ರಾಯ್ಡ್ 1920ರ ದಶಕದಲ್ಲೇ ಗುರುತಿಸಿ, ಮಗುವಿಗೆ ಚಿಕಿತ್ಸೆ ತನ್ನದೇ ಅಗತ್ಯ ಅನ್ನಿಸುವವರೆಗೆ ಒಂದು ಸಿದ್ಧತೆಯ ಹಂತ ಬೇಕು ಎಂದಿದ್ದರು. ನಿಮ್ಮ ಮಗ ಇನ್ನೂ ಆ ಹಂತದಲ್ಲಿದ್ದಾನೆ. ಮೂರು ಸಲ ಬಂದು ಕೂತಿದ್ದಾನಲ್ಲ, ಅದನ್ನು ಕಡಿಮೆ ಎಂದು ಎಣಿಸಬೇಡಿ.

ಚಿಕಿತ್ಸಕರಿಗೂ ಬಂದವರಿಗೂ ಮೂರು ವಿಷಯದಲ್ಲಿ ಹೊಂದಾಣಿಕೆ ಇರಬೇಕು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1979ರಲ್ಲಿ ಬರೆದರು: ಗುರಿ ಏನು, ಅದಕ್ಕೆ ಏನು ಮಾಡಬೇಕು, ಪರಸ್ಪರ ನಂಬಿಕೆ. ನಿಮ್ಮ ಮನೆಯಲ್ಲಿ ಮೊದಲನೆಯದೇ ಎಡವಿದೆ. ಕಾಲೇಜಿಗೆ ಹೋಗಬೇಕು ಎಂಬುದು ನಿಮ್ಮ ಗುರಿ. ಅವನದು ಬಹುಶಃ ‘ಎಲ್ಲರೂ ನನ್ನ ತಂಟೆಗೆ ಬರದಿದ್ದರೆ ಸಾಕು’. ಅನುಭವಿ ಸಮಾಲೋಚಕರು ಅಲ್ಲಿಂದಲೇ ಶುರು ಮಾಡುತ್ತಾರೆ. “ಇಲ್ಲಿಗೆ ಬರೋದು ಯಾರ ಐಡಿಯಾ?” ಎಂದು ನೇರವಾಗಿ ಕೇಳಿ, “ನೀನು ಇನ್ನು ಬರೋದು ಬೇಡ ಅಂತ ಅಮ್ಮನಿಗೆ ಅನ್ನಿಸಬೇಕಾದ್ರೆ ಏನು ಬದಲಾಗಬೇಕು?” ಎನ್ನುತ್ತಾರೆ. ಬರಲು ಇಷ್ಟವಿಲ್ಲದ ಹುಡುಗನಿಗೂ ಇದಕ್ಕೆ ಉತ್ತರ ಇರುತ್ತದೆ. “ರಾತ್ರಿ ಬೇಗ ಮಲಗಿದ್ರೆ ಸುಮ್ನಾಗ್ತಾರೆ” ಎಂದರೂ ಸಾಕು, ಕೆಲಸಕ್ಕೆ ಒಂದು ತುದಿ ಸಿಕ್ಕಿತು.

45-50 ನಿಮಿಷದ ಮೊದಲ ಸೆಷನ್ನನ್ನು ಸಾಮಾನ್ಯವಾಗಿ ಹೀಗೆ ಹಂಚಿಕೊಂಡರೆ ಒಳ್ಳೆಯದು: ಮೊದಲ ಹತ್ತು ನಿಮಿಷ ಎಲ್ಲರೂ ಒಟ್ಟಿಗೆ, ಆಮೇಲೆ ಅರ್ಧ ಗಂಟೆ ಅವನೊಬ್ಬನೇ, ಕೊನೆಗೆ ಮತ್ತೆ ಎಲ್ಲರೂ. ಕೊನೆಯ ಭಾಗಕ್ಕೆ ನಿಮ್ಮನ್ನು ಕರೆಯುವ ಮುಂಚೆ “ಅಮ್ಮನಿಗೆ ಏನು ಹೇಳಬಹುದು, ಏನು ಬೇಡ?” ಎಂದು ಅವನನ್ನು ಕೇಳಬೇಕು. ಅರ್ಧ ಗಂಟೆ ನಿಮ್ಮ ದೂರು ಕೇಳಿ ಉಳಿದ ಹದಿನೈದು ನಿಮಿಷ ಅವನಿಗೆ ಕೊಟ್ಟರೆ ಆಟ ಅಲ್ಲಿಗೇ ಮುಗಿಯಿತು.

ಇನ್ನು ‘ಗೊತ್ತಿಲ್ಲ’. ಪ್ರಶ್ನೆ ದೊಡ್ಡದಾದಷ್ಟೂ ಈ ಉತ್ತರ ಬೇಗ ಬರುತ್ತದೆ. “ಕಾಲೇಜಿಗೆ ಯಾಕೆ ಹೋಗಲ್ಲ?” ಎಂದು ಕೇಳಿದರೆ ದೊಡ್ಡವರಿಗೇ ಹೇಳಲು ಬರುವುದಿಲ್ಲ. “ನಿನ್ನೆ ಬೆಳಿಗ್ಗೆ ಶೂ ಹಾಕ್ಕೊಳ್ಳೋವಾಗ ಹೊಟ್ಟೆಯಲ್ಲಿ ಏನಾದ್ರೂ ಆಗ್ತಿತ್ತಾ?” ಎಂದರೆ ಹೌದೋ ಅಲ್ಲವೋ ಎಂದಾದರೂ ತಲೆಯಾಡಿಸುತ್ತಾನೆ. ಸೊನ್ನೆಯಿಂದ ಹತ್ತರ ಅಳತೆ ಕೊಟ್ಟು, ನಾಳೆ ಒಂದು ಪೀರಿಯಡ್ ಕೂತು ಬರುವ ಮನಸ್ಸು ಎಷ್ಟಿದೆ ಎಂದು ಕೇಳಬಹುದು. ಅವನು 3 ಅಂದ ಎನ್ನಿ. “10 ಯಾಕಿಲ್ಲ?” ಎಂದರೆ ಅಡ್ಡಿಗಳ ಪಟ್ಟಿ ಬರುತ್ತದೆ. “1 ಯಾಕಲ್ಲ, 3 ಹೇಗೆ?” ಎಂದರೆ ಹೋಗಲು ಅವನಿಗಿರುವ ಕಾರಣಗಳು ಅವನ ಬಾಯಿಂದಲೇ ಹೊರಡುತ್ತವೆ. ಮದ್ಯದ ಚಟದ ಚಿಕಿತ್ಸೆಯಲ್ಲಿ ಬೆಳೆದ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಪದ್ಧತಿಯ ಈ ಪಟ್ಟು ಹದಿಹರೆಯದವರಿಗೂ ಚೆನ್ನಾಗಿ ಒಗ್ಗುತ್ತದೆ.

ಎದುರುಬದುರು ಕೂತು ಕಣ್ಣಿಗೆ ಕಣ್ಣಿಟ್ಟು ಮಾತಾಡುವುದು ಈ ವಯಸ್ಸಿನವರಿಗೆ ವಿಚಾರಣೆಯಂತೆ ಭಾಸವಾಗುತ್ತದೆ. ಕುರ್ಚಿ ಸ್ವಲ್ಪ ಓರೆಯಾಗಿರಲಿ, ಕೈಗೆ ಕಾಗದ-ಪೆನ್ನೋ ಇಸ್ಪೀಟು ಎಲೆಗಳೋ ಇರಲಿ. ವಯಸ್ಕರ ಜೊತೆ ಸಮಾಲೋಚಕರು ಬೇಕೆಂದೇ ಬಿಡುವ ಉದ್ದನೆಯ ಮೌನ ಇಲ್ಲಿ ಶಿಕ್ಷೆಯಾಗಿಬಿಡುತ್ತದೆ. ಪ್ರಶ್ನೆಗಳಿಗೂ ಒಂದು ಕ್ರಮವಿದೆ: ಮನೆ, ಓದು, ಗೆಳೆಯರು ಮೊದಲು, ಸಿಗರೇಟು-ಕುಡಿತ, ಪ್ರೀತಿ-ಲೈಂಗಿಕತೆ, ಸಾಯುವ ಯೋಚನೆ ಆಮೇಲೆ. ಕೊನೆಯದನ್ನು ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ನಮ್ಮಲ್ಲಿ ಬಹಳ. ಹಾಗಾಗುವುದಿಲ್ಲ. ನೇರವಾಗಿಯೇ ಕೇಳಬೇಕು.

ಆ ಮೇಡಂ ನಿಮಗೆ ಏನೂ ಹೇಳದಿರುವುದು ಸರಿಯೇ? ಅರ್ಧ ಸರಿ. ಅವನು ಹೇಳಿದ ಮಾತುಗಳನ್ನು ಅವರು ನಿಮಗೆ ಒಪ್ಪಿಸಬಾರದು. ಆದರೆ ಅವನಿಗೆ 18 ತುಂಬಿಲ್ಲ, ಚಿಕಿತ್ಸೆಗೆ ಒಪ್ಪಿಗೆ ಕೊಟ್ಟವರು ನೀವು. ಅವನಿಗೆ ಅಪಾಯವಿದೆಯೇ, ಯಾವುದರ ಮೇಲೆ ಕೆಲಸ ನಡೆಯುತ್ತಿದೆ, ಮನೆಯಲ್ಲಿ ನಾವೇನು ಮಾಡಬೇಕು, ಮತ್ತೆ ಯಾವಾಗ ಕೂತು ಪರಿಶೀಲಿಸೋಣ, ಇಷ್ಟನ್ನು ಧಾರಾಳವಾಗಿ ಕೇಳಿ. “ನನ್ನ ಬಗ್ಗೆ ಏನಂದ?” ಎಂಬುದನ್ನು ಮಾತ್ರ ನುಂಗಿಕೊಳ್ಳಿ. ಗುಟ್ಟಿಗೂ ಮಿತಿ ಇದೆ. ಪ್ರಾಣಕ್ಕೆ ಅಪಾಯವಿದ್ದರೆ, ಇನ್ನೊಬ್ಬರಿಗೆ ಹಾನಿ ಮಾಡುವಂತಿದ್ದರೆ ಹೇಳಲೇಬೇಕು. 18ರೊಳಗಿನವರ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಈ ಮಿತಿಗಳನ್ನು ಮೊದಲ ದಿನವೇ ಹುಡುಗನ ಎದುರಿಗೆ, ನಿಮ್ಮ ಎದುರಿಗೆ ಹೇಳಿರಬೇಕು. “ಎಲ್ಲಾ ಗುಟ್ಟಾಗಿರುತ್ತೆ” ಎಂದು ಮಾತುಕೊಟ್ಟು ಐದನೇ ವಾರ ತಂದೆತಾಯಿಗೆ ಫೋನ್ ಮಾಡಿದವರ ಬಳಿಗೆ ಯಾವ ಹುಡುಗನೂ ಆರನೇ ವಾರ ಹೋಗುವುದಿಲ್ಲ.

ಈಗ ನಿಮ್ಮ ಕೆಲಸ. ಒಂದು ಸಂಜೆ ಗಾಡಿಯಲ್ಲಿ ಹೋಗುವಾಗಲೋ ಅಡುಗೆಮನೆಯಲ್ಲೋ, ಅವನ ಮುಖ ನೋಡಿಯೇ ಹೇಳಬೇಕಿಲ್ಲ: “ಕರಿಯರ್ ಗೈಡೆನ್ಸ್ ಅಂತ ಸುಳ್ಳು ಹೇಳಿದ್ದು ನನ್ನ ತಪ್ಪು. ನೀನು ನಿದ್ದೆ ಮಾಡ್ತಿಲ್ಲ ಅಂತ ನನಗೆ ಭಯ. ಇನ್ನು ಮೂರು ಸಲ ಬಾ. ಆಮೇಲೆ ಮುಂದುವರಿಸೋದಾ ಬಿಡೋದಾ ಅಂತ ನಿನ್ನನ್ನ ಕೇಳೇ ತೀರ್ಮಾನ ಮಾಡ್ತೀವಿ.” ಅಷ್ಟಕ್ಕೆ ನಿಲ್ಲಿಸಿ, ‘ಆದರೆ ನೀನೂ...’ ಎಂದು ಬಾಲ ಸೇರಿಸಬೇಡಿ. ಸೆಷನ್ನಿನಿಂದ ವಾಪಸ್ ಬರುವಾಗ ಏನನ್ನೂ ಕೇಳಬೇಡಿ. “ಇರು, ಮೇಡಂಗೆ ಹೇಳ್ತೀನಿ” ಎಂಬ ಬೆದರಿಕೆಯೂ ಬೇಡ, ಹೋದರೆ ಮೊಬೈಲ್ ಡೇಟಾ ಹಾಕಿಸುವ ಆಸೆಯೂ ಬೇಡ. ಅವನು ಕ್ರಿಕೆಟ್ ಆಡುವ ಹೊತ್ತಿಗೆ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಡಿ. ಮುಖ್ಯವಾಗಿ, ಅವನ ಚಿಕ್ಕಪ್ಪ-ಸೋದರತ್ತೆಯರಿಗೆ ಈ ವಿಷಯ ಫೋನಿನಲ್ಲಿ ಹೇಳುವುದನ್ನು ಇವತ್ತೇ ನಿಲ್ಲಿಸಿ. ಗೋಡೆಯಾಚೆ ಅವನಿಗೆ ಎಲ್ಲವೂ ಕೇಳಿಸುತ್ತದೆ.

ಅಷ್ಟಾಗಿಯೂ ಬರುವುದೇ ಇಲ್ಲ ಎಂದರೆ ಆ ಸಮಯಕ್ಕೆ ನೀವು, ನಿಮ್ಮ ಯಜಮಾನರು ಹೋಗಿ. ಮಗ ಇಲ್ಲದೆಯೂ ಮನೆಯ ಮಾತಿನ ಧಾಟಿಯನ್ನು ಬದಲಾಯಿಸಬಹುದು.

ಸಮಾಲೋಚಕರನ್ನು ಬದಲಿಸುವುದು ಯಾವಾಗ? ಅವರು ಉಪದೇಶ ಮಾಡುತ್ತಿದ್ದರೆ, ಅವನ ಮಾತನ್ನು ನಿಮಗೆ ದಾಟಿಸುತ್ತಿದ್ದರೆ, ಆರು ಸೆಷನ್ ಆದರೂ ಏನು ಮಾಡುತ್ತಿದ್ದೇವೆಂದು ಹೇಳಲಾಗದಿದ್ದರೆ. ಅವರ ಓದೇನು ಎಂದು ಕೇಳಲು ಸಂಕೋಚ ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರ ಬಳಿ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಇರಬೇಕು. ನಿದ್ದೆ-ಊಟ ಎರಡೂ ಕೆಟ್ಟಿರುವುದರಿಂದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೂ ಒಮ್ಮೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯಕ್ಕೇ ಪ್ರತ್ಯೇಕ ವಿಭಾಗವಿದೆ. ಮನೆಯಿಂದಲೇ ಮಾತಾಡಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ. ಅವನೇ ಕರೆ ಮಾಡಬಹುದು. ನಂಬರನ್ನು ಅವನ ಫೋನಿಗೆ ಕಳಿಸಿ, ಮಾಡಿದೆಯಾ ಎಂದು ಕೇಳಬೇಡಿ.

ಒಂದು ವಿಷಯದಲ್ಲಿ ಮಾತ್ರ ಕಾಯುವ ಮಾತೇ ಇಲ್ಲ. ಸಾಯುವ ಮಾತಾಡಿದರೆ, ಕೈ ಕುಯ್ದುಕೊಂಡ ಗುರುತು ಕಂಡರೆ, ಇಷ್ಟದ ವಸ್ತುಗಳನ್ನು ಇದ್ದಕ್ಕಿದ್ದಂತೆ ಗೆಳೆಯರಿಗೆ ಹಂಚತೊಡಗಿದರೆ ಅವನ ಒಪ್ಪಿಗೆಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ, ಒಬ್ಬನನ್ನೇ ಬಿಡಬೇಡಿ. ತೋಟಕ್ಕೆ ತಂದ ಕೀಟನಾಶಕ ಮನೆಯಲ್ಲಿದ್ದರೆ ಇವತ್ತೇ ಹೊರಗೆ ಸಾಗಿಸಿ. ಅಜ್ಜಿಯ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಕೀಲಿ ನಿಮ್ಮ ಹತ್ತಿರವೇ ಇರಲಿ.

– ಸಂ.