ಕಾರಿನ ಡೋಮ್ ಲೈಟ್ ಮೆಲ್ಲಗೆ ಆರ್ತಿಲ್ವಾ? ಬಿಸಿಎಂ ಬದಲಿಸೋ ಮುಂಚೆ ಹಳೇ ಬಲ್ಬ್ ಹಾಕಿ ನೋಡಿ

ದಯವಿಟ್ಟು ಈಗಲೇ ಬಿಸಿಎಂ (ಬಾಡಿ ಕಂಟ್ರೋಲ್ ಮಾಡ್ಯೂಲ್, ಅಂದರೆ ಕಾರಿನ ಲೈಟು, ಲಾಕು ನೋಡಿಕೊಳ್ಳೋ ಕಂಪ್ಯೂಟರ್) ಬದಲಿಸಬೇಡಿ. ನೀವು ಬರೆದಿರೋದರಲ್ಲಿ ಆ ಮಾಡ್ಯೂಲ್ ಕೆಟ್ಟಿದೆ ಅನ್ನೋಕೆ ಒಂದು ಪುರಾವೆಯೂ ಕಾಣ್ತಿಲ್ಲ. ಬಾಗಿಲು ಹಾಕಿದ ಮೇಲೆ ಮೆಲ್ಲಗೆ ಆರುತ್ತಿದ್ದ ಡೋಮ್ ಲೈಟ್ (ಕಾರಿನೊಳಗೆ ಚಾವಣಿಯಲ್ಲಿರೋ ಲೈಟ್) ಈಗ ಒಮ್ಮೊಮ್ಮೆ ಫಕ್ಕನೆ ಆರುತ್ತೆ, ಒಮ್ಮೊಮ್ಮೆ ಪೂರ್ತಿ ಆರದೆ ಮಿಣುಕ್ತಾನೇ ಇರುತ್ತೆ ಅಂದಿದ್ದೀರಿ. ಎಲ್‌ಇಡಿ ಹಾಕಿದ್ದೀರಿ. ಅದನ್ನ ಕಿತ್ತು ಖಾಲಿ ಹೋಲ್ಡರ್‌ಗೆ ಮೀಟರ್ ಇಟ್ಟಾಗ 12 ವೋಲ್ಟ್ ಬಂತು, ಅಂದರೆ ವೈರಿಂಗ್ ಸರಿ ಇದೆ, ಮಾಡ್ಯೂಲೇ ಹೋಗಿದೆ ಅಂತ ಮೆಕ್ಯಾನಿಕ್ ತೀರ್ಮಾನಿಸಿದ್ದಾರೆ. ಕಾರ್ ವೈರಿಂಗ್ ನನ್ನ ದಿನನಿತ್ಯದ ಕೆಲಸ. ಆ ತೀರ್ಮಾನವನ್ನ ನಾನು ಒಪ್ಪಲ್ಲ.

ಖಾಲಿ ಹೋಲ್ಡರ್‌ನಲ್ಲಿ ಕಾಣೋ 12 ವೋಲ್ಟನ್ನ ನಂಬೋ ಹಾಗಿಲ್ಲ. ಡಿಜಿಟಲ್ ಮೀಟರ್ ಸರ್ಕ್ಯೂಟಿನಿಂದ ಎಳೆಯೋ ಕರೆಂಟ್ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ವೈರಿನಲ್ಲಿ ಒಂದೇ ಎಳೆ ಉಳಿದಿರಲಿ, ಕನೆಕ್ಟರ್ ಹಸಿರು ಕಿಲುಬು ಹಿಡಿದಿರಲಿ, ಮೀಟರ್ ಪೂರ್ತಿ ವೋಲ್ಟೇಜನ್ನೇ ತೋರಿಸುತ್ತೆ. ಅದೇ ದಾರಿಯಲ್ಲಿ 5 ವ್ಯಾಟಿನ ಬಲ್ಬ್ ಉರಿಯೋಕೆ ಸುಮಾರು 0.4 ಆಂಪ್ ಹರಿಯಬೇಕು. ಕಿಲುಬು ಹಿಡಿದ ಜಾಗದಲ್ಲಿ 10 ಓಮ್ ತಡೆ ಇದ್ದರೂ ಸಾಕು, 3 ವೋಲ್ಟ್‌ಗೂ ಹೆಚ್ಚು ಅಲ್ಲೇ ಕಳೆದುಹೋಗುತ್ತೆ, ಬೆಳಕು ಮೂರನೇ ಒಂದು ಭಾಗಕ್ಕೆ ಇಳಿಯುತ್ತೆ. ಹಾಗಾಗಿ ಅಳತೆ ಯಾವಾಗಲೂ ಬಲ್ಬ್ ಹೋಲ್ಡರ್‌ನಲ್ಲೇ ಇದ್ದು ಉರಿಯುವಾಗ ಮಾಡಬೇಕು. ಲೈಟಿನ ತೊಂದರೆ ಹುಡುಕೋದರಲ್ಲಿ ಜನ ದಾರಿ ತಪ್ಪೋದು ಹೆಚ್ಚಾಗಿ ಇಲ್ಲೇ.

ಮೊದಲು ಎಲ್‌ಇಡಿ ತೆಗೆದು ಕಂಪನಿ ಕೊಟ್ಟ ಮಾದರಿಯ ಫಿಲಮೆಂಟ್ ಬಲ್ಬನ್ನೇ (ಒಳಗಿನ ತಂತಿ ಕಾದು ಬೆಳಗೋ ಹಳೇ ಥರದ ಬಲ್ಬ್) ಹಾಕಿ. ಬಹಳಷ್ಟು ಕಾರುಗಳಲ್ಲಿ ಡೋಮ್ ಲೈಟಿಗೆ ಪ್ಲಸ್ ಫ್ಯೂಸಿನಿಂದ ಸದಾ ಬರುತ್ತಿರುತ್ತೆ, ಬೆಳಕನ್ನ ಕಡಿಮೆ ಮಾಡೋ ಟ್ರಾನ್ಸಿಸ್ಟರ್ (ಎಲೆಕ್ಟ್ರಾನಿಕ್ ಸ್ವಿಚ್) ಅರ್ಥ್ ಕಡೆ, ಅಂದರೆ ಮೈನಸ್ ಕಡೆ, ಮಾಡ್ಯೂಲಿನ ಒಳಗೆ ಇರುತ್ತೆ. ಆ ಟ್ರಾನ್ಸಿಸ್ಟರ್ ಆಫ್ ಆಗಿದ್ದಾಗಲೂ ಕೆಲವು ಮಿಲಿಆಂಪ್ ನುಸುಳಬಹುದು. ಬಲ್ಬ್ ಇದೆಯೋ ಇಲ್ಲವೋ ಅಂತ ತಿಳಿಯೋಕೆ ಕೆಲವು ಮಾಡ್ಯೂಲ್‌ಗಳು ತಾವೇ ಸಣ್ಣ ಕರೆಂಟ್ ಬಿಡೋದೂ ಉಂಟು. ಫಿಲಮೆಂಟ್ ಅಷ್ಟಕ್ಕೆಲ್ಲ ಕೆಂಪಗೂ ಆಗಲ್ಲ, ಎಲ್‌ಇಡಿಗೆ ಅಷ್ಟೇ ಸಾಕು. ಹಳೇ ಬಲ್ಬ್ ಹಾಕಿದ ತಕ್ಷಣ ಮಿಣುಕು ನಿಂತು, ಮೊದಲಿನ ಹಾಗೆ ಮೆಲ್ಲಗೆ ಆರಿದರೆ ನಿಮ್ಮ ಕಾರಿನಲ್ಲಿ ಏನೂ ಕೆಟ್ಟಿಲ್ಲ.

ಬಲ್ಬ್ ಬದಲಿಸುವಾಗ ಮೊದಲು ಫ್ಯೂಸ್ ತೆಗೆಯಿರಿ. ಎರಡು ತುದಿಯ ಆ ಉದ್ದ ಬಲ್ಬನ್ನ ಸ್ಕ್ರೂಡ್ರೈವರ್‌ನಿಂದ ಮೀಟೋಕೆ ಹೋಗಿ ಫ್ಯೂಸ್ ಸುಟ್ಟುಕೊಂಡು, ಆಮೇಲೆ ಇಲ್ಲದ ತೊಂದರೆಯನ್ನ ಹುಡುಕ್ತಾ ಕೂರೋವ್ರನ್ನ ನೋಡಿದ್ದೀನಿ. ರೂಫಿನ ಅಂಚಿನಲ್ಲಿ ಕರ್ಟನ್ ಏರ್‌ಬ್ಯಾಗ್ ಇದ್ದರೆ ಅದರ ಹಳದಿ ಕನೆಕ್ಟರಿಗೆ ಮೀಟರ್ ಆಗಲಿ ಟೆಸ್ಟ್ ಲ್ಯಾಂಪ್ ಆಗಲಿ ಮುಟ್ಟಿಸಲೇಬೇಡಿ.

ಹಳೇ ಬಲ್ಬಿನಲ್ಲೂ ತೊಂದರೆ ಹಾಗೇ ಇದ್ದರೆ ಆಗ ಮೀಟರ್ ಹಿಡಿಯಿರಿ. ಬಾಗಿಲು ತೆಗೆದು ಲೈಟ್ ಪೂರ್ತಿ ಉರಿಯುವಾಗ ಕೆಂಪು ಪ್ರೋಬ್ ಬ್ಯಾಟರಿ ಪ್ಲಸ್‌ಗೆ, ಕಪ್ಪು ಪ್ರೋಬ್ ಬಲ್ಬಿನ ಪ್ಲಸ್ ತುದಿಗೆ ಇಡಿ. 0.2, 0.3 ವೋಲ್ಟ್ ಒಳಗಿದ್ದರೆ ಆ ದಾರಿ ಸರಿ ಇದೆ. 1 ವೋಲ್ಟ್ ದಾಟಿದರೆ ಫ್ಯೂಸಿನಿಂದ ಲೈಟಿನವರೆಗೆ ಎಲ್ಲೋ ಲೂಸ್ ಕಾಂಟ್ಯಾಕ್ಟ್ ಇದೆ. ಬ್ಯಾಟರಿವರೆಗೆ ಪ್ರೋಬ್ ಮುಟ್ಟದಿದ್ದರೆ ಉದ್ದ ವೈರ್ ಜೋಡಿಸಿಕೊಳ್ಳಿ.

ಎರಡನೇ ಅಳತೆಯೇ ನಿಜವಾಗಿ ಮಾತಾಡೋದು. ಕಪ್ಪು ಪ್ರೋಬ್ ಬಾಡಿಯ ಬರಿ ಲೋಹಕ್ಕೆ, ಕೆಂಪು ಪ್ರೋಬ್ ಬಲ್ಬಿನ ಅರ್ಥ್ ತುದಿಗೆ ಇಟ್ಟುಕೊಂಡು, ಯಾರಿಗಾದರೂ ಬಾಗಿಲು ಹಾಕೋಕೆ ಹೇಳಿ. ಒಬ್ಬರೇ ಇದ್ದರೆ, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ ಅಂತ ತಿಳಿಸೋ ಡೋರ್ ಸ್ವಿಚ್ ಬಾಗಿಲಿನ ಲಾಕಿನೊಳಗೇ ಇರೋ ಕಾರುಗಳಲ್ಲಿ ಇನ್ನೊಂದು ಉಪಾಯ ಇದೆ: ಬಾಗಿಲು ತೆರೆದೇ ಇರಲಿ, ಲಾಕಿನ ಕೊಕ್ಕೆಯನ್ನ ಸ್ಕ್ರೂಡ್ರೈವರ್ ಹಿಡಿಯಿಂದ ಎರಡು ಸಲ ಟಕ್ ಟಕ್ ಅನ್ನೋವರೆಗೆ ಒತ್ತಿ. ಬಾಗಿಲು ಮುಚ್ಚಿತು ಅಂತ ಕಾರು ತಿಳ್ಕೊಳ್ಳುತ್ತೆ. ಕೆಲಸ ಮುಗಿದ ಮೇಲೆ ಹ್ಯಾಂಡಲ್ ಎಳೆದು ಕೊಕ್ಕೆ ಬಿಡಿಸಿಯೇ ಬಾಗಿಲು ಹಾಕಬೇಕು, ಮರೆತು ಬಡಿದರೆ ಲಾಕ್ ಹಾಳು.

ಈಗ ಮೀಟರ್ ನೋಡ್ತಾ ಇರಿ. ಲೈಟ್ ಪೂರ್ತಿ ಇದ್ದಾಗ ಸೊನ್ನೆಯ ಹತ್ತಿರ ಇದ್ದ ಅಂಕಿ, ಬೆಳಕು ಇಳಿದ ಹಾಗೆಲ್ಲ 3, 5, 8 ಅಂತ ಏರುತ್ತಾ ಕೊನೆಗೆ 12ರ ಹತ್ತಿರ ನಿಲ್ಲಬೇಕು. ಮಾಡ್ಯೂಲ್ ವೋಲ್ಟೇಜನ್ನ ನಿಜವಾಗಿ ಕಡಿಮೆ ಮಾಡಲ್ಲ, ಸೆಕೆಂಡಿಗೆ ನೂರಾರು ಸಲ ಆನ್ ಆಫ್ ಮಾಡುತ್ತೆ. ನಿಮ್ಮ ಮೀಟರ್ ಅದರ ಸರಾಸರಿ ಹೇಳುತ್ತೆ. ಅಂಕಿಗಳು ನುಣುಪಾಗಿ ಏರದೆ ಹಾರಿ ಹಾರಿ ಬಂದರೆ ಗಾಬರಿ ಬೇಡ, ಅಗ್ಗದ ಮೀಟರ್‌ಗಳ ವೇಗವೇ ಅಷ್ಟು. ಅರ್ಥ್ ತುದಿ ಸೊನ್ನೆಯಲ್ಲೇ ಇದ್ದು ಪ್ಲಸ್ ತುದಿ 12ರಿಂದ ಇಳಿಯುತ್ತಾ ಬಂದರೆ ನಿಮ್ಮ ಕಾರಿನಲ್ಲಿ ಡಿಮ್ಮಿಂಗ್ ಪ್ಲಸ್ ಕಡೆಯಿಂದ ಆಗ್ತಿದೆ ಅಂತ ಅರ್ಥ. ಮೊದಲ ಅಳತೆಯೂ ಲೈಟ್ ಪೂರ್ತಿ ಉರಿಯುವಾಗ ಮಾತ್ರ ಲೆಕ್ಕಕ್ಕೆ ಬರೋದು ಇದೇ ಕಾರಣಕ್ಕೆ.

ಪೂರ್ತಿ ಉರಿಯುವಾಗಲೇ ಅರ್ಥ್ ತುದಿಯಲ್ಲಿ 2, 3 ವೋಲ್ಟ್ ಇದ್ದರೆ ಲೈಟಿನಿಂದ ಮಾಡ್ಯೂಲಿಗೆ ಹೋಗೋ ವೈರ್, ಕನೆಕ್ಟರ್, ಮಾಡ್ಯೂಲಿನ ಅರ್ಥ್ ಬೋಲ್ಟ್ ಇವನ್ನ ನೋಡಿ. ಅಂಕಿ ಒಂದೇ ಏಟಿಗೆ 0ಯಿಂದ 12ಕ್ಕೆ ಹಾರಿದರೆ ಮಾಡ್ಯೂಲ್ ಮೆಲ್ಲಗೆ ಆರಿಸೋ ಕೆಲಸಕ್ಕೇ ಇಳಿದಿಲ್ಲ. ಅದಕ್ಕೆ ಸರಿಯಾದ ಕಾರಣವೂ ಇರಬಹುದು: ಇಗ್ನಿಷನ್ ಆನ್ ಮಾಡಿದರೆ ಅಥವಾ ರಿಮೋಟಿನಲ್ಲಿ ಲಾಕ್ ಮಾಡಿದರೆ ಎಷ್ಟೋ ಕಾರುಗಳು ಕಾಯದೆ ಲೈಟ್ ಆರಿಸುತ್ತವೆ. ನಿಮ್ಮ 'ಒಮ್ಮೊಮ್ಮೆ' ಅನ್ನೋದು ಲಾಕ್ ಒತ್ತಿದಾಗಲೇ ಆಗುತ್ತಾ ಅಂತ ಗಮನಿಸಿ. ಬಾಗಿಲು ತುಂಬಾ ಹೊತ್ತು ತೆರೆದಿಟ್ಟರೆ ಬ್ಯಾಟರಿ ಉಳಿಸೋಕೆ ಮಾಡ್ಯೂಲ್ ತಾನೇ ಲೈಟ್ ಕಡಿದುಬಿಡುತ್ತೆ, ಪರೀಕ್ಷೆ ಮಧ್ಯೆ ಹಾಗಾದರೆ ಇಗ್ನಿಷನ್ ಒಮ್ಮೆ ಆನ್ ಮಾಡಿ ಆಫ್ ಮಾಡಿ.

ಹಳೇ ಬಲ್ಬೂ ಆರದೆ ಉಳಿದರೆ ನನ್ನ ಮೊದಲ ಅನುಮಾನ ಡೋರ್ ಸ್ವಿಚ್ ಮೇಲೆ, ಆಮೇಲೆ ಬಾಗಿಲ ಕೀಲಿನ ಹತ್ತಿರದ ರಬ್ಬರ್ ಕೊಳವೆಯೊಳಗಿನ ವೈರ್ ಮೇಲೆ. ಬಾಗಿಲು ತೆಗೆದು ಹಾಕಿ ಬಾಗಿ ಬಾಗಿ ಅಲ್ಲಿ ತಾಮ್ರ ಒಳಗೊಳಗೇ ಮುರಿದಿರುತ್ತೆ, ಮೇಲಿನ ಪ್ಲಾಸ್ಟಿಕ್ ಸರಿಯಾಗೇ ಕಾಣುತ್ತೆ. ಬಾಗಿಲುಗಳನ್ನೆಲ್ಲ ಹಾಕಿ, ಒಂದೊಂದನ್ನೇ ಹೊರಗಿನಿಂದ ಒಳಕ್ಕೆ ಒತ್ತಿ ಬಿಡಿ. ಲೈಟ್ ಅಥವಾ ಮೀಟರ್ ಬೋರ್ಡಿನ ಬಾಗಿಲ ಗುರುತು ಮಿನುಗಿದರೆ ಆ ಬಾಗಿಲೇ ಕಳ್ಳ. ಡಿಕ್ಕಿ ಬಾಗಿಲನ್ನ ಮರೆಯಬೇಡಿ. ಕಾರಿನ ಕಂಪ್ಯೂಟರ್ ಓದೋ ಸ್ಕ್ಯಾನರ್ ಇದ್ದರೆ ಅದರ ಲೈವ್ ಡೇಟಾದಲ್ಲಿ ಪ್ರತಿ ಬಾಗಿಲಿನ ಸ್ಥಿತಿ ನೋಡುತ್ತಾ ರಬ್ಬರ್ ಕೊಳವೆ ಅಲುಗಾಡಿಸಿ. ಸ್ವಿಚ್ ಬಿಚ್ಚಿ ಓಮ್ಸ್ ಅಳೆದರೆ ಒಂದು ಸ್ಥಿತಿಯಲ್ಲಿ ಸೊನ್ನೆ, ಇನ್ನೊಂದರಲ್ಲಿ ಪೂರ್ತಿ ಓಪನ್ (ಕರೆಂಟಿಗೆ ದಾರಿಯೇ ಇಲ್ಲ ಅಂತ) ಬರಬೇಕು. ನಡುವಿನ ಯಾವ ಅಂಕಿ ಬಂದರೂ ಒಳಗೆ ನೀರೋ ಕಿಲುಬೋ ಸೇರಿದೆ.

ರಾತ್ರಿಯಿಡೀ ಉರಿದರೆ ಬ್ಯಾಟರಿ ಸಾಯುತ್ತಾ ಅಂತ ಕೇಳಿದ್ದೀರಿ. ಎಲ್‌ಇಡಿಯ ಮಿಣುಕಿನಿಂದ ಇಲ್ಲ. 5 ವ್ಯಾಟಿನ ಬಲ್ಬ್ ಪೂರ್ತಿ ಉರಿದರೆ 10 ಗಂಟೆಗೆ ಸುಮಾರು 4 ಆಂಪಿಯರ್-ಅವರ್ ಹೋಗುತ್ತೆ, ಚೆನ್ನಾಗಿರೋ ಬ್ಯಾಟರಿ ಒಂದು ರಾತ್ರಿ ತಡೆಯುತ್ತೆ. ಆದರೆ ಬಾಗಿಲು ತೆರೆದಿದೆ ಅಂದುಕೊಂಡು ಮಾಡ್ಯೂಲ್‌ಗಳು ನಿದ್ದೆ ಹೋಗದೆ ಎಚ್ಚರ ಇದ್ದರೆ ಅವು ಎಳೆಯೋ ಕರೆಂಟೇ ದೊಡ್ಡದು, ಡೋರ್ ಸ್ವಿಚ್ ತೊಂದರೆಯನ್ನ ಮುಂದೂಡಬೇಡಿ.

ಸ್ಟೀರಿಯೊ ಹಾಕಿಸಿದ ಮೇಲೆ ಮೀಟರ್ ಬೋರ್ಡಿನ ಬೆಳಕು ಸದಾ ಫುಲ್, ಬೆಳಕು ಹೆಚ್ಚು ಕಡಿಮೆ ಮಾಡೋ ಡಿಮ್ಮರ್ ಚಕ್ರ ತಿರುಗಿಸಿದರೂ ಇಳಿಯಲ್ಲ ಅಂದಿದ್ದೀರಲ್ಲ, ಅದು ಬೇರೆ ಸರ್ಕ್ಯೂಟ್. ಅರ್ಥ್ ಕಡೆ ಡಿಮ್ ಮಾಡೋ ಕಾರುಗಳಲ್ಲಿ ಡ್ಯಾಶ್ ಲೈಟುಗಳ ಮೈನಸ್ ವೈರ್ ಡಿಮ್ಮರ್ ಮೂಲಕ ಅರ್ಥ್‌ಗೆ ಹೋಗುತ್ತೆ. ಸ್ಟೀರಿಯೊ ಹಾಕುವಾಗ ಅದನ್ನ ಮಾಮೂಲಿ ಅರ್ಥ್ ಅಂದುಕೊಂಡು ಕಾರಿನ ಬಾಡಿಯ ಲೋಹಕ್ಕೆ ಕಟ್ಟಿದರೆ ಡಿಮ್ಮರ್‌ಗೆ ಕೆಲಸವೇ ಉಳಿಯಲ್ಲ. ಸ್ಟೀರಿಯೊ ಕನೆಕ್ಟರ್ ಎಳೆದು ಡಿಮ್ಮರ್ ಚಕ್ರ ತಿರುಗಿಸಿ ನೋಡಿ. ಬೆಳಕು ಇಳಿದರೆ ಕಾರಣ ಸಿಕ್ಕಿತು, ಆ ವೈರ್ ಬಿಡಿಸಿ ಟೇಪ್ ಸುತ್ತಿ, ಸ್ಟೀರಿಯೊಗೆ ಬೇರೆ ಅರ್ಥ್ ಕೊಡಿಸಿ.

ಇಷ್ಟೆಲ್ಲ ಸರಿ ಇದ್ದು, ಸ್ಕ್ಯಾನರ್‌ನಲ್ಲಿ ಎಲ್ಲ ಬಾಗಿಲೂ 'ಮುಚ್ಚಿದೆ' ಅಂತ ಬಂದು, ಮಾಡ್ಯೂಲಿನ ಪ್ಲಸ್ ಮತ್ತು ಅರ್ಥ್ ಪಿನ್‌ಗಳು ಲೋಡಿನಲ್ಲೂ (ಕರೆಂಟ್ ಹರಿಯುವಾಗಲೂ) ವೋಲ್ಟೇಜ್ ಕಳೆಯದೆ ಗಟ್ಟಿಯಾಗಿದ್ದು, ಲೈಟಿಗೆ ಹೋಗೋ ವೈರ್ ಬೇರೆಲ್ಲೂ ಅರ್ಥ್ ಆಗದೆ ಇದ್ದು, ಆದರೂ ಫಿಲಮೆಂಟ್ ಬಲ್ಬ್ ಆರದಿದ್ದರೆ ಮಾತ್ರ ಬಿಸಿಎಂ ಬಗ್ಗೆ ಮಾತಾಡೋಣ.

ಎಲ್‌ಇಡಿಯೇ ಬೇಕು ಅಂದರೆ ಅದರ ಎರಡು ತುದಿಗೆ ಅಡ್ಡಲಾಗಿ 1 ಕಿಲೋಓಮ್, ಅರ್ಧ ವ್ಯಾಟಿನ ರೆಸಿಸ್ಟರ್ ಬೆಸುಗೆ ಹಾಕಿಸಿ. ನುಸುಳೋ ಕೆಲವು ಮಿಲಿಆಂಪ್ ಅದರಲ್ಲಿ ಹರಿದುಹೋಗಿ ಮಿಣುಕು ನಿಲ್ಲುತ್ತೆ. ಸ್ವಲ್ಪ ಬೆಚ್ಚಗಾಗುತ್ತೆ, ಪ್ಲಾಸ್ಟಿಕ್ಕಿಗೆ ತಾಗದ ಹಾಗೆ ಇರಲಿ. ಆದರೆ ಫಿಲಮೆಂಟಿನಷ್ಟು ನುಣ್ಣಗೆ ಆರೋದು ಎಲ್ಲ ಎಲ್‌ಇಡಿಯಿಂದ ಬರಲ್ಲ, ಕೊನೇ ಕ್ಷಣದಲ್ಲಿ ತಟ್ಟನೆ ಆರುವಂಥವೇ ಜಾಸ್ತಿ.