ಓದುಗರ ಪ್ರಶ್ನೆ: ಅಮೆರಿಕದ ಉಪಾಧ್ಯಕ್ಷ ಅಭ್ಯರ್ಥಿಯನ್ನು ಆರಿಸುವುದು ಹೇಗೆ?

ಅಮೆರಿಕದ ಚುನಾವಣೆ ಬಗ್ಗೆ ಬಂದ ಪತ್ರಗಳಲ್ಲಿ ಉಪಾಧ್ಯಕ್ಷ ಅಭ್ಯರ್ಥಿಗೆ, ಅಂದರೆ ರನ್ನಿಂಗ್ ಮೇಟ್‌ಗೆ ಸಂಬಂಧಿಸಿದವನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ನಮ್ಮಲ್ಲಿ ಉಪರಾಷ್ಟ್ರಪತಿಯನ್ನು ಸಂಸದರು ಆರಿಸುತ್ತಾರೆ. ಅಲ್ಲಿ ಅಧ್ಯಕ್ಷ ಅಭ್ಯರ್ಥಿಯೇ ತನ್ನ ಉಪಾಧ್ಯಕ್ಷರ ಹೆಸರು ಹೇಳಿಬಿಡುತ್ತಾರೆ. ಒಬ್ಬರ ಕೈಗೆ ಇಷ್ಟು ಅಧಿಕಾರ ಬಂದದ್ದು ಹೇಗೆ?
— ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮೊದಲು ಹಾಗಿರಲಿಲ್ಲ. ಹೆಚ್ಚು ಎಲೆಕ್ಟೋರಲ್ ಮತ (ಪ್ರತಿ ರಾಜ್ಯದಿಂದ ಆರಿಸಿ ಬಂದ ಎಲೆಕ್ಟರ್‌ಗಳು ಹಾಕುವ ಮತ) ಪಡೆದವರು ಅಧ್ಯಕ್ಷರು, ಎರಡನೆಯ ಸ್ಥಾನದಲ್ಲಿದ್ದವರು ಉಪಾಧ್ಯಕ್ಷರು ಎಂಬುದು ಆಗಿನ ನಿಯಮ. 1796ರಲ್ಲಿ ಜಾನ್ ಆಡಮ್ಸ್ ಗೆದ್ದಾಗ ಅವರ ಎದುರಾಳಿ ಥಾಮಸ್ ಜೆಫರ್ಸನ್ ಉಪಾಧ್ಯಕ್ಷರಾದರು. ನಾಲ್ಕು ವರ್ಷಗಳ ನಂತರ ಒಂದೇ ಪಕ್ಷದ ಜೆಫರ್ಸನ್ ಮತ್ತು ಆರನ್ ಬರ್ ಇಬ್ಬರಿಗೂ ತಲಾ 73 ಮತ ಬಿದ್ದವು. ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆ 36 ಸುತ್ತು ಮತ ಹಾಕಿದ ಮೇಲೆಯೇ ಜೆಫರ್ಸನ್ ಅಧ್ಯಕ್ಷರಾಗಲು ಸಾಧ್ಯವಾಯಿತು. ಆ ಪೇಚಾಟದ ಫಲವಾಗಿ 1804ರಲ್ಲಿ 12ನೇ ತಿದ್ದುಪಡಿ ಬಂತು. ಎರಡು ಹುದ್ದೆಗೂ ಬೇರೆ ಬೇರೆ ಮತ ಎಂದಾಯಿತು. ಅಲ್ಲಿಂದ ಮುಂದೆ ಬಹುಕಾಲ ಉಪಾಧ್ಯಕ್ಷ ಅಭ್ಯರ್ಥಿಯನ್ನು ಪಕ್ಷದ ಮುಖಂಡರು ಸಮಾವೇಶದಲ್ಲಿ ತೀರ್ಮಾನಿಸುತ್ತಿದ್ದರು. 1940ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹೆನ್ರಿ ವ್ಯಾಲೇಸ್ ಅವರೇ ಬೇಕೆಂದು ಪಟ್ಟು ಹಿಡಿದು ಗೆದ್ದರು. ಈಗಲೂ ಸಮಾವೇಶದ ಪ್ರತಿನಿಧಿಗಳು ಒಪ್ಪಿಗೆ ಕೊಡುವ ಕ್ರಮ ಉಳಿದಿದೆ, ಆದರೆ ತೀರ್ಮಾನ ಅಭ್ಯರ್ಥಿಯದೇ.

ನಮ್ಮ ವ್ಯವಸ್ಥೆಗೂ ಅದಕ್ಕೂ ಇನ್ನೊಂದು ದೊಡ್ಡ ವ್ಯತ್ಯಾಸವಿದೆ. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಉಪರಾಷ್ಟ್ರಪತಿಯಾಗಿದ್ದ ನಮ್ಮವರೇ ಆದ ಬಿ.ಡಿ. ಜತ್ತಿ ಹಂಗಾಮಿ ರಾಷ್ಟ್ರಪತಿಯಾದರು. ಆರು ತಿಂಗಳೊಳಗೆ ಹೊಸ ಚುನಾವಣೆ ಆಗಲೇಬೇಕಿದ್ದರಿಂದ ಜುಲೈ 25ಕ್ಕೆ ನೀಲಂ ಸಂಜೀವ ರೆಡ್ಡಿ ಬಂದರು. ಅಮೆರಿಕದಲ್ಲಿ ಹೀಗಾದಾಗ ಹಂಗಾಮಿ ಎಂಬ ಮಾತಿಲ್ಲ. ಅಧ್ಯಕ್ಷರು ಸತ್ತರೆ ಅಥವಾ ರಾಜೀನಾಮೆ ಕೊಟ್ಟರೆ ಉಪಾಧ್ಯಕ್ಷರು ಪೂರ್ಣ ಪ್ರಮಾಣದ ಅಧ್ಯಕ್ಷರಾಗಿ ಉಳಿದ ಅವಧಿ ಮುಗಿಸುತ್ತಾರೆ. ಮೂರೂವರೆ ವರ್ಷ ಉಳಿದಿದ್ದರೆ ಮೂರೂವರೆ ವರ್ಷ.

ಪ್ರಶ್ನೆ: ಗಟ್ಟಿ ಉಪಾಧ್ಯಕ್ಷ ಅಭ್ಯರ್ಥಿ ಎಂದರೆ ಯಾರು? ತವರು ರಾಜ್ಯದ ಮತ ತರುವವರೇ, ಬೇರೆ ಸಮುದಾಯವನ್ನು ಸೆಳೆಯುವವರೇ?
— ನಿವೃತ್ತ ಉಪನ್ಯಾಸಕರು, ಶಿವಮೊಗ್ಗ

ಉತ್ತರ: ನಾಳೆ ಬೆಳಿಗ್ಗೆಯೇ ಅಧ್ಯಕ್ಷರಾಗಬೇಕಾಗಿ ಬಂದರೆ ನಿಭಾಯಿಸಬಲ್ಲವರು. ಉಳಿದದ್ದೆಲ್ಲ ಆಮೇಲೆ. ಹೀಗೆ ಹೇಳಲು ಇತಿಹಾಸವೇ ಕಾರಣ: ಎಂಟು ಅಧ್ಯಕ್ಷರು ಅಧಿಕಾರದಲ್ಲಿದ್ದಾಗಲೇ ಸತ್ತಿದ್ದಾರೆ, ನಿಕ್ಸನ್ 1974ರಲ್ಲಿ ರಾಜೀನಾಮೆ ಕೊಟ್ಟರು. ಒಟ್ಟು ಒಂಬತ್ತು ಸಲ ಉಪಾಧ್ಯಕ್ಷರು ಆ ಕುರ್ಚಿಗೆ ಬಂದಿದ್ದಾರೆ. 1944ರಲ್ಲಿ ರೂಸ್‌ವೆಲ್ಟ್ ಅವರ ಆರೋಗ್ಯ ಕಂಡಿದ್ದ ಡೆಮಾಕ್ರಟಿಕ್ ಮುಖಂಡರಿಗೆ ತಾವು ಮುಂದಿನ ಅಧ್ಯಕ್ಷರನ್ನೇ ಆರಿಸುತ್ತಿದ್ದೇವೆ ಎಂಬ ಅಂದಾಜಿತ್ತು. ಅದಕ್ಕೇ ವ್ಯಾಲೇಸ್ ಅವರನ್ನು ಕೈಬಿಟ್ಟು ಮಿಸೌರಿಯ ಸೆನೆಟರ್ (ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನ ಸದಸ್ಯ) ಹ್ಯಾರಿ ಟ್ರೂಮನ್ ಅವರನ್ನು ತಂದರು. ಟ್ರೂಮನ್ ಉಪಾಧ್ಯಕ್ಷರಾಗಿದ್ದದ್ದು 82 ದಿನ ಮಾತ್ರ. ಅಣುಬಾಂಬ್ ಯೋಜನೆಯ ಪೂರ್ಣ ವಿವರ ಅವರಿಗೆ ಸಿಕ್ಕಿದ್ದು ಅಧ್ಯಕ್ಷರಾಗಿ ಎರಡು ವಾರ ಕಳೆಯುವ ಹೊತ್ತಿಗೆ, 1945ರ ಏಪ್ರಿಲ್ 25ರಂದು. ಒಳ್ಳೆಯವರನ್ನು ಆರಿಸಿ ಅವರಿಗೆ ಏನೂ ತಿಳಿಸದೆ ಇಡುವುದು ಆ ಕಾಲದ ದೊಡ್ಡ ದೋಷ. 1977ರಲ್ಲಿ ಜಿಮ್ಮಿ ಕಾರ್ಟರ್ ತಮ್ಮ ಉಪಾಧ್ಯಕ್ಷ ವಾಲ್ಟರ್ ಮಾಂಡೇಲ್ ಅವರಿಗೆ ಶ್ವೇತಭವನದ ವೆಸ್ಟ್ ವಿಂಗ್‌ನಲ್ಲೇ ಕಚೇರಿ ಕೊಟ್ಟು, ವಾರಕ್ಕೊಮ್ಮೆ ಒಟ್ಟಿಗೆ ಊಟಕ್ಕೆ ಕೂರುವ ರೂಢಿ ಹಾಕಿದ ಮೇಲೆ ಆ ಹುದ್ದೆಯ ಸ್ವರೂಪವೇ ಬದಲಾಯಿತು.

ತವರು ರಾಜ್ಯದ ಲೆಕ್ಕ ನೀವು ಅಂದುಕೊಂಡಷ್ಟು ಗಟ್ಟಿಯಲ್ಲ. ಎಲ್ಲರೂ ಉದಾಹರಿಸುವುದು 1960ರ ಲಿಂಡನ್ ಜಾನ್ಸನ್ ಅವರನ್ನು. ಟೆಕ್ಸಾಸಿನ 24 ಎಲೆಕ್ಟೋರಲ್ ಮತಗಳನ್ನು ಕೆನಡಿ ಸುಮಾರು 46 ಸಾವಿರ ಮತಗಳ ಅಂತರದಲ್ಲಿ ಗೆದ್ದರು, ಜಾನ್ಸನ್ ಇಲ್ಲದಿದ್ದರೆ ಅದು ಕಷ್ಟವಿತ್ತು. ಆದರೆ ಅದೇ ಟೆಕ್ಸಾಸಿನ ಲಾಯ್ಡ್ ಬೆಂಟ್ಸನ್ 1988ರಲ್ಲಿ ಅಧ್ಯಕ್ಷ ಅಭ್ಯರ್ಥಿ ಡುಕಾಕಿಸ್ ಅವರಿಗೆ ಆ ರಾಜ್ಯ ಗೆದ್ದುಕೊಡಲಾಗಲಿಲ್ಲ. ಎದುರಾಳಿ ಬುಷ್ ಅವರದ್ದೂ ಅದೇ ರಾಜ್ಯವಾಗಿತ್ತು. 2004ರಲ್ಲಿ ಜಾನ್ ಎಡ್ವರ್ಡ್ಸ್ ಅವರಿಂದ ನಾರ್ತ್ ಕ್ಯಾರೊಲಿನಾ ಬರಲಿಲ್ಲ, 2012ರಲ್ಲಿ ಪಾಲ್ ರಯಾನ್ ಅವರಿಂದ ವಿಸ್ಕಾನ್ಸಿನ್ ಬರಲಿಲ್ಲ. ಒಂದು ರಾಜ್ಯದ ಆಸೆಗೆ ದುರ್ಬಲ ವ್ಯಕ್ತಿಯನ್ನು ಆರಿಸಿದರೆ ಉಳಿದ 49 ರಾಜ್ಯಗಳ ಮತದಾರರು ಅಧ್ಯಕ್ಷ ಅಭ್ಯರ್ಥಿಯ ವಿವೇಚನೆಯನ್ನೇ ಅನುಮಾನಿಸುತ್ತಾರೆ. ಉಪಾಧ್ಯಕ್ಷರಿಂದ ಬರುವ ಲಾಭ ಸಣ್ಣದು, ಆಗುವ ನಷ್ಟ ದೊಡ್ಡದು ಎನ್ನುವುದು ಇದಕ್ಕೇ.

ಬದಲಿಗೆ ಕೇಳಿಕೊಳ್ಳಬೇಕಾದದ್ದು: ಅಧ್ಯಕ್ಷ ಅಭ್ಯರ್ಥಿಯಲ್ಲಿ ಇಲ್ಲದ್ದು ಯಾವುದು? 2008ರಲ್ಲಿ ಒಬಾಮಾ ಅವರಿಗೆ ವಿದೇಶಾಂಗ ಅನುಭವದ ಕೊರತೆಯಿತ್ತು. ಸೆನೆಟ್ಟಿನ ವಿದೇಶಾಂಗ ಸಮಿತಿಯ ಅಧ್ಯಕ್ಷರಾಗಿದ್ದ ಜೋ ಬೈಡನ್ ಬಂದರು, ಅವರ ಡೆಲವೇರ್‌ಗೆ ಇರುವುದು ಮೂರೇ ಎಲೆಕ್ಟೋರಲ್ ಮತ. 2016ರಲ್ಲಿ ಟ್ರಂಪ್ ಬಗ್ಗೆ ಅನುಮಾನವಿದ್ದ ಧಾರ್ಮಿಕ ಸಂಪ್ರದಾಯವಾದಿಗಳಿಗೆ ಮೈಕ್ ಪೆನ್ಸ್ ಭರವಸೆಯಾದರು. ಇದಕ್ಕೆ ವಿರುದ್ಧ ದಿಕ್ಕಿನ ಉದಾಹರಣೆ 1992ರದು. ಆರ್ಕನ್ಸಾದ ಕ್ಲಿಂಟನ್ ಪಕ್ಕದ ಟೆನೆಸಿಯ ಆಲ್ ಗೋರ್ ಅವರನ್ನು ಆರಿಸಿದರು: ಅದೇ ಪ್ರದೇಶ, ಅದೇ ತಲೆಮಾರು, ಹೆಚ್ಚುಕಡಿಮೆ ಅದೇ ವಿಚಾರ. ಹೊಸ ತಲೆಮಾರು ಎಂಬ ಒಂದೇ ಮಾತನ್ನು ಇಬ್ಬರೂ ಒತ್ತಿ ಹೇಳಿದ್ದು ಫಲ ಕೊಟ್ಟಿತು.

ಪ್ರಶ್ನೆ: ಆಯ್ಕೆಗೆ ಮುಂಚೆ ಜಾತಕ ಜಾಲಾಡುತ್ತಾರೆ ಎಂದು ಓದಿದ್ದೇನೆ. ಏನೇನು ನೋಡುತ್ತಾರೆ? ಇಷ್ಟಾದರೂ ಎಡವುವುದು ಯಾಕೆ?
— ವಕೀಲರು, ಮಂಗಳೂರು

ಉತ್ತರ: ಕೆಲಸ ಶುರುವಾಗುವುದು ನಂಬಿಕಸ್ಥ ವಕೀಲರೊಬ್ಬರಿಂದ ಅಥವಾ ಹಿರಿಯರ ಸಣ್ಣ ಸಮಿತಿಯಿಂದ. ಮೊದಲ ಹಂತದಲ್ಲಿ ಯಾರಿಗೂ ಫೋನ್ ಹೋಗುವುದಿಲ್ಲ. ಸಾರ್ವಜನಿಕವಾಗಿ ಸಿಗುವುದನ್ನಷ್ಟೇ ಗುಡ್ಡೆ ಹಾಕುತ್ತಾರೆ: ಸದನದಲ್ಲಿ ಹಾಕಿದ ಮತಗಳು, ಕೋರ್ಟ್ ಕಾಗದ, ಆಸ್ತಿ ಘೋಷಣೆ, ಹಳೆಯ ಸಂದರ್ಶನ. ಉದ್ದನೆಯ ಪಟ್ಟಿ ನಾಲ್ಕೈದು ಹೆಸರಿಗೆ ಇಳಿದ ಮೇಲೆ ಒಪ್ಪಿಗೆ ಕೇಳಿ ಪ್ರಶ್ನಾವಳಿ ಕಳಿಸುತ್ತಾರೆ. ಜೊತೆಗೆ ಹಲವು ವರ್ಷಗಳ ತೆರಿಗೆ ವಿವರ, ವೈದ್ಯಕೀಯ ದಾಖಲೆ, ಗಂಡ ಅಥವಾ ಹೆಂಡತಿಯ ವ್ಯವಹಾರ, ಸಾಲ, ಮೊಕದ್ದಮೆ, ಮನೆಗೆಲಸದವರ ಸಂಬಳಕ್ಕೆ ತೆರಿಗೆ ಕಟ್ಟಿದ್ದಾರೋ ಇಲ್ಲವೋ, ಎಲ್ಲವೂ. ಆಮೇಲೆ ವಕೀಲರ ಎದುರು ಮುಖಾಮುಖಿ ವಿಚಾರಣೆ. ಕೊನೆಗೆ ಅಭ್ಯರ್ಥಿಯೊಂದಿಗೆ ಮಾತುಕತೆ, ಇಬ್ಬರಿಗೂ ಹೊಂದಿಕೆಯಾಗುತ್ತದೆಯೇ ಎಂದು ನೋಡಲು. ನೆಮ್ಮದಿಯಾಗಿ ಮಾಡಿದರೆ ಇದಕ್ಕೆ ಎರಡು ತಿಂಗಳಾದರೂ ಬೇಕು.

ಈ ಕಟ್ಟುನಿಟ್ಟು ಬಂದದ್ದು 1972ರ ಒಂದು ಮಧ್ಯಾಹ್ನದಿಂದ. ಮಯಾಮಿ ಬೀಚ್‌ನ ಡೆಮಾಕ್ರಟಿಕ್ ಸಮಾವೇಶದಲ್ಲಿ ಜಾರ್ಜ್ ಮೆಕ್‌ಗವರ್ನ್ ಅವರಿಗೆ ಉಮೇದುವಾರಿಕೆ ಖಚಿತವಾಗಿತ್ತು, ಉಪಾಧ್ಯಕ್ಷ ಅಭ್ಯರ್ಥಿ ಮಾತ್ರ ಇರಲಿಲ್ಲ. ಎಡ್ವರ್ಡ್ ಕೆನಡಿ ಒಪ್ಪಲಿಲ್ಲ, ಇನ್ನೂ ಕೆಲವರು ಬೇಡ ಎಂದರು. ಜುಲೈ 13ರಂದು ಗಡುವು ಮುಗಿಯುವ ಹೊತ್ತಿಗೆ ಮಿಸೌರಿಯ ಸೆನೆಟರ್ ಥಾಮಸ್ ಈಗಲ್ಟನ್ ಅವರಿಗೆ ಕರೆ ಹೋಯಿತು. ಮೆಕ್‌ಗವರ್ನ್ ಸಹಾಯಕರು ಫೋನಿನಲ್ಲೇ, ಮುಚ್ಚಿಟ್ಟದ್ದು ಏನಾದರೂ ಇದೆಯೇ ಎಂದು ಕೇಳಿದರು. ಇಲ್ಲ ಎಂದರು ಈಗಲ್ಟನ್. ಖಿನ್ನತೆಗಾಗಿ 1960ರಿಂದ 66ರ ನಡುವೆ ಮೂರು ಸಲ ಆಸ್ಪತ್ರೆ ಸೇರಿದ್ದರು, ವಿದ್ಯುತ್ ಶಾಕ್ ಚಿಕಿತ್ಸೆಯೂ ಆಗಿತ್ತು. ಸುದ್ದಿ ಹೊರಬಿದ್ದಾಗ ಮೆಕ್‌ಗವರ್ನ್ ಮೊದಲು ಸಂಪೂರ್ಣ ಬೆಂಬಲ ಸಾರಿ, ಆಮೇಲೆ ಕೈಬಿಟ್ಟರು. 18ನೇ ದಿನಕ್ಕೆ ಈಗಲ್ಟನ್ ಕಣದಿಂದ ಹೊರಗೆ. ಇಲ್ಲಿ ತಪ್ಪಾದದ್ದು ಕಾಯಿಲೆಯಲ್ಲ. ಮಾನಸಿಕ ಚಿಕಿತ್ಸೆ ಪಡೆದವರು ನಾಚಬೇಕಾದ್ದು ಏನೂ ಇಲ್ಲ. ಮೊದಲೇ ತಿಳಿದಿದ್ದರೆ ಪಕ್ಷ ಅದನ್ನು ತಾನೇ ಜನರ ಮುಂದೆ ಇಟ್ಟು ವಿವರಿಸಬಹುದಿತ್ತು, ಇಲ್ಲವೇ ಬೇರೆಯವರನ್ನು ನೋಡಬಹುದಿತ್ತು. ಸಮಯ ಇಟ್ಟುಕೊಳ್ಳದೆ ಇದ್ದದ್ದು, ಕಾಗದ ಕೇಳದೆ ಬಾಯಿಮಾತು ನಂಬಿದ್ದು, ಆಮೇಲೆ ಮಾತು ಬದಲಿಸಿದ್ದು, ಇವು ಮೂರು ಸೇರಿ ಮೆಕ್‌ಗವರ್ನ್ ಅವರ ಮೇಲಿನ ನಂಬಿಕೆಯನ್ನೇ ಅಲುಗಾಡಿಸಿದವು. ಅವರ ಸೋಲಿಗೆ ಬೇರೆ ಕಾರಣಗಳೂ ಇದ್ದವು ನಿಜ. ಗೆದ್ದದ್ದು ಮ್ಯಾಸಚೂಸೆಟ್ಸ್ ಮತ್ತು ರಾಜಧಾನಿ ವಾಷಿಂಗ್ಟನ್ ಎರಡನ್ನೇ.

ನಾಲ್ಕೇ ವರ್ಷದಲ್ಲಿ ಕಾರ್ಟರ್ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡರು. ವಾರಗಟ್ಟಲೆ ಪರಿಶೀಲನೆ ನಡೆಸಿದರು, ಆಕಾಂಕ್ಷಿಗಳನ್ನು ಕರೆಸಿ ಗಂಟೆಗಟ್ಟಲೆ ಮಾತಾಡಿದರು. ಇಂದಿನ ಪದ್ಧತಿ ಅಲ್ಲಿಂದ ಬಂದದ್ದು.

ಆದರೂ ಮೂರು ಕಡೆ ಮತ್ತೆ ಮತ್ತೆ ಎಡವುತ್ತಾರೆ. ಒಂದು, ಮನೆಯವರ ಹಣಕಾಸು: 1984ರಲ್ಲಿ ದೊಡ್ಡ ಪಕ್ಷವೊಂದರ ಮೊದಲ ಮಹಿಳಾ ಉಪಾಧ್ಯಕ್ಷ ಅಭ್ಯರ್ಥಿಯಾದ ಜೆರಾಲ್ಡಿನ್ ಫೆರಾರೊ ಅವರ ಪತಿ ತೆರಿಗೆ ವಿವರ ಬಹಿರಂಗಪಡಿಸಲು ಮೊದಲು ಒಪ್ಪದೆ ಪ್ರಚಾರದ ಅಮೂಲ್ಯ ದಿನಗಳು ಹಾಳಾದವು. ಎರಡು, ಹಳೆಯ ಮಾತು: ಜೆ.ಡಿ. ವ್ಯಾನ್ಸ್ 2021ರಲ್ಲಿ ಮಕ್ಕಳಿಲ್ಲದ, ಬೆಕ್ಕು ಸಾಕುವ ಮಹಿಳೆಯರ ಬಗ್ಗೆ ಆಡಿದ್ದ ಮಾತು 2024ರಲ್ಲಿ ಅವರ ಹೆಸರು ಪ್ರಕಟವಾದ ಕೆಲವೇ ದಿನಗಳಲ್ಲಿ ಮೇಲೆದ್ದಿತು. ಅದೇ ವರ್ಷ ಟಿಮ್ ವಾಲ್ಜ್ 1989ರಲ್ಲಿ ತಾವು ಹಾಂಗ್‌ಕಾಂಗ್‌ನಲ್ಲಿದ್ದ ಸಮಯದ ಬಗ್ಗೆ ಹೇಳಿಕೊಂಡಿದ್ದು ತಪ್ಪೆಂದು ಚರ್ಚೆಯ ವೇದಿಕೆಯಲ್ಲೇ ಒಪ್ಪಬೇಕಾಯಿತು. ವ್ಯಕ್ತಿಯ ಮೇಲೆ ಬೇರೆಯವರು ಹೊರಿಸಿದ ಆರೋಪದಷ್ಟೇ, ಆತ ತನ್ನ ಬಗ್ಗೆ ತಾನು ಹೇಳಿಕೊಂಡದ್ದನ್ನೂ ತಾಳೆ ನೋಡಬೇಕು. ಮೂರನೆಯದು ಆತುರ. 2008ರ ಆಗಸ್ಟ್ 29ರಂದು ಜಾನ್ ಮೆಕೇನ್ ಹೆಸರಿಸಿದ ಸಾರಾ ಪೇಲಿನ್ ಅಲಾಸ್ಕಾ ಗವರ್ನರ್ (ನಮ್ಮ ಮುಖ್ಯಮಂತ್ರಿಯಂತೆ ರಾಜ್ಯದ ಆಡಳಿತ ನಡೆಸುವವರು) ಆಗಿ ಎರಡು ವರ್ಷವೂ ತುಂಬಿರಲಿಲ್ಲ. ಮೊದಲ ವಾರ ಉತ್ಸಾಹ ಉಕ್ಕಿತು. ಸೆಪ್ಟೆಂಬರಿನ ಟಿವಿ ಸಂದರ್ಶನದಲ್ಲಿ ಯಾವ ಪತ್ರಿಕೆ ಓದುತ್ತೀರಿ ಎಂದದ್ದಕ್ಕೂ ಒಂದು ಹೆಸರು ಹೇಳಲಾಗದೆ ಹೋದಾಗ ಅದು ಇಳಿಯಿತು. ಪರಿಶೀಲನೆಯಲ್ಲಿ ಕಾನೂನಿನ ತೊಡಕು ಸಿಗದಿದ್ದರೆ ಸಾಲದು; ಕಠಿಣ ಪ್ರಶ್ನೆಗಳ ಅಣಕು ಸಂದರ್ಶನವನ್ನೂ ಹೆಸರು ಪ್ರಕಟಿಸುವ ಮುಂಚೆಯೇ ನಡೆಸಬೇಕು.

ಪ್ರಶ್ನೆ: ಸೆನೆಟರ್ ವಾಸಿಯೋ, ಗವರ್ನರ್ ವಾಸಿಯೋ?
— ಓದುಗರು, ತುಮಕೂರು

ಉತ್ತರ: ಆಡಳಿತದ ಅನುಭವಕ್ಕೆ ಗವರ್ನರ್, ರಾಷ್ಟ್ರೀಯ ವಿಚಾರಗಳ ಪರಿಚಯಕ್ಕೆ ಸೆನೆಟರ್. ಆದರೆ ಸೆನೆಟರ್ ಆದರೆ ಇನ್ನೊಂದು ಲೆಕ್ಕ ಹಾಕಲೇಬೇಕು: ತೆರವಾಗುವ ಸೀಟನ್ನು ತುಂಬುವವರು ಯಾರು? ಹೆಚ್ಚಿನ ರಾಜ್ಯಗಳಲ್ಲಿ ಗವರ್ನರ್ ನೇಮಕ ಮಾಡುತ್ತಾರೆ. 2000ದಲ್ಲಿ ಡೆಮಾಕ್ರಟಿಕ್ ಪಕ್ಷದ ಗೋರ್ ಆರಿಸಿದ ಜೋ ಲೀಬರ್‌ಮನ್ ಅದೇ ದಿನ ಕನೆಕ್ಟಿಕಟ್‌ನಿಂದ ಸೆನೆಟ್‌ಗೂ ಗೆದ್ದರು. ಆ ರಾಜ್ಯದ ಗವರ್ನರ್ ರಿಪಬ್ಲಿಕನ್. ಸೆನೆಟ್ಟಿನಲ್ಲಿ ಎರಡೂ ಪಕ್ಷಕ್ಕೆ ತಲಾ 50 ಸ್ಥಾನ ಬಂದಿತ್ತು. ಗೋರ್ ಗೆದ್ದಿದ್ದರೆ ಉಪಾಧ್ಯಕ್ಷರು ಸಿಗುತ್ತಿದ್ದರು, ಸೆನೆಟ್ ಕೈತಪ್ಪುತ್ತಿತ್ತು.

ರಾಜ್ಯದ ವಿಚಾರದಲ್ಲಿ ಇನ್ನೊಂದು ಬಲೆಯಿದೆ. ಅಧ್ಯಕ್ಷ, ಉಪಾಧ್ಯಕ್ಷ ಇಬ್ಬರೂ ಒಂದೇ ರಾಜ್ಯದವರಾದರೆ ಆ ರಾಜ್ಯದ ಎಲೆಕ್ಟರ್‌ಗಳು ಇಬ್ಬರಿಗೂ ಮತ ಹಾಕುವಂತಿಲ್ಲ. ಟೆಕ್ಸಾಸಿನ ಜಾರ್ಜ್ ಡಬ್ಲ್ಯು. ಬುಷ್ ಅವರ ಉಪಾಧ್ಯಕ್ಷ ಅಭ್ಯರ್ಥಿಯಾಗಿದ್ದ, ತಾವೂ ಟೆಕ್ಸಾಸಿನಲ್ಲೇ ಇದ್ದ ಡಿಕ್ ಚೇನಿ 2000ದ ಜುಲೈನಲ್ಲಿ ತಮ್ಮ ಮತದಾರ ನೋಂದಣಿಯನ್ನು ವಯೋಮಿಂಗ್‌ಗೆ ಬದಲಿಸಿದ್ದು ಇದಕ್ಕೇ. ಆ ಜೋಡಿಗೆ ಬಂದದ್ದು 271 ಎಲೆಕ್ಟೋರಲ್ ಮತ, ಬೇಕಿದ್ದದ್ದು 270. ಟೆಕ್ಸಾಸಿನ 32 ಮತ ಚೇನಿ ಅವರಿಗೆ ಬೀಳದಿದ್ದರೆ ಉಪಾಧ್ಯಕ್ಷರ ಆಯ್ಕೆ ಸೆನೆಟ್ ಪಾಲಾಗುತ್ತಿತ್ತು.

ಪ್ರಶ್ನೆ: ನನ್ನ ದೊಡ್ಡ ಮಗ ಬೆಂಗಳೂರಿನಲ್ಲಿ ಹುಟ್ಟಿ, ನಾಲ್ಕನೇ ವಯಸ್ಸಿಗೆ ಇಲ್ಲಿಗೆ ಬಂದು ಪೌರತ್ವ ಪಡೆದಿದ್ದಾನೆ. ಚಿಕ್ಕವಳು ಇಲ್ಲೇ ಹುಟ್ಟಿದವಳು. ಇವರು ಮುಂದೆ ಉಪಾಧ್ಯಕ್ಷರಾಗಬಹುದೇ?
— ಕನ್ನಡ ಕುಟುಂಬ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಉತ್ತರ: ಮಗಳು ಆಗಬಹುದು, ಮಗ ಆಗುವಂತಿಲ್ಲ. ಅಧ್ಯಕ್ಷರಾಗಲು ಅರ್ಹತೆ ಇಲ್ಲದವರು ಉಪಾಧ್ಯಕ್ಷರೂ ಆಗಲಾಗದು ಎಂದು 12ನೇ ತಿದ್ದುಪಡಿ ಹೇಳುತ್ತದೆ. ಬೇಕಾದ್ದು ಹುಟ್ಟಿನಿಂದ ಬಂದ ಪೌರತ್ವ, 35 ವರ್ಷ ವಯಸ್ಸು, ದೇಶದಲ್ಲಿ 14 ವರ್ಷ ವಾಸ. ಹುಟ್ಟಿನಿಂದ ಪೌರರಾಗಿದ್ದ ಕಮಲಾ ಹ್ಯಾರಿಸ್ ಅವರಿಗೆ ತಾಯಿ ತಮಿಳುನಾಡಿನ ಮೂಲದವರಾದದ್ದು ಅಡ್ಡಿಯಾಗಲಿಲ್ಲ. ಮಗನಿಗೆ ಬೇರೆ ಬಾಗಿಲುಗಳು ತೆರೆದಿವೆ: ಏಳು ವರ್ಷ ಪೌರರಾಗಿದ್ದರೆ ಪ್ರತಿನಿಧಿ ಸಭೆ, ಒಂಬತ್ತು ವರ್ಷವಾದರೆ ಸೆನೆಟ್. ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾನೇದಾರ್ 2023ರಿಂದ ಮಿಷಿಗನ್‌ನ ಪ್ರತಿನಿಧಿಯಾಗಿದ್ದಾರೆ.

ಪ್ರಶ್ನೆ: ಹೆಸರು ಪ್ರಕಟವಾದ ಮೇಲೆ ಅಭ್ಯರ್ಥಿ ಸತ್ತರೆ ಅಥವಾ ಹಿಂದೆ ಸರಿದರೆ?
— ಶಿಕ್ಷಕರು, ಹಾಸನ

ಉತ್ತರ: ಯಾವಾಗ ಎಂಬುದರ ಮೇಲೆ ನಿಂತಿದೆ. ಸಮಾವೇಶ ಮುಗಿದ ಮೇಲಾದರೆ ಪಕ್ಷದ ರಾಷ್ಟ್ರೀಯ ಸಮಿತಿ ಹೊಸಬರನ್ನು ಆರಿಸುತ್ತದೆ. ಈಗಲ್ಟನ್ ಜಾಗಕ್ಕೆ ಸಾರ್ಜೆಂಟ್ ಶ್ರೈವರ್ ಬಂದದ್ದು ಹೀಗೆ. ಕಷ್ಟ ಮತಪತ್ರದ್ದು. ಪ್ರತಿ ರಾಜ್ಯಕ್ಕೂ ಅದರದೇ ಗಡುವಿದೆ, ವಿದೇಶದಲ್ಲಿರುವ ಮತದಾರರಿಗೆ ಮತ್ತು ಸೈನಿಕರಿಗೆ ಚುನಾವಣೆಗೆ 45 ದಿನ ಮುಂಚೆಯೇ ಮತಪತ್ರ ಕಳಿಸಿರಬೇಕು. ಅಷ್ಟು ಹೊತ್ತಿಗೆ ಹಳೆಯ ಹೆಸರೇ ಅಚ್ಚಾಗಿರುತ್ತದೆ. ಆಗ ಜನ ಹಾಕುವ ಮತ ಕಾನೂನಿನ ದೃಷ್ಟಿಯಲ್ಲಿ ಎಲೆಕ್ಟರ್‌ಗಳಿಗೇ ಹೋಗುವುದರಿಂದ, ಡಿಸೆಂಬರಿನಲ್ಲಿ ಪಕ್ಷ ಸೂಚಿಸಿದ ಹೊಸ ಹೆಸರಿಗೆ ಅವರು ಮತ ಹಾಕಬಹುದು. ಆದರೆ ಎಲೆಕ್ಟರ್‌ಗಳನ್ನು ಪಕ್ಷದ ಅಭ್ಯರ್ಥಿಗೆ ಕಟ್ಟಿಹಾಕುವ ಕಾನೂನು ಹೆಚ್ಚಿನ ರಾಜ್ಯಗಳಲ್ಲಿರುವುದರಿಂದ ವಕೀಲರನ್ನು ಕೇಳದೆ ಮುಂದುವರಿಯುವಂತಿಲ್ಲ. 1912ರ ಅಕ್ಟೋಬರ್ 30ರಂದು, ಮತದಾನಕ್ಕೆ ಆರು ದಿನ ಇರುವಾಗ, ಉಪಾಧ್ಯಕ್ಷ ಜೇಮ್ಸ್ ಶೆರ್ಮನ್ ತೀರಿಕೊಂಡರು. ಅಧ್ಯಕ್ಷ ಟಾಫ್ಟ್ ಜೊತೆ ಮರು ಆಯ್ಕೆ ಬಯಸಿದ್ದ ಅವರ ಹೆಸರಿನಲ್ಲೇ ಮತದಾನ ನಡೆಯಿತು. ಆ ಜೋಡಿ ಗೆದ್ದದ್ದು ಯೂಟಾ, ವರ್ಮಾಂಟ್ ಎರಡು ರಾಜ್ಯ. ಅಲ್ಲಿನ ಎಂಟು ಎಲೆಕ್ಟರ್‌ಗಳು ಶೆರ್ಮನ್ ಬದಲಿಗೆ ನಿಕೋಲಸ್ ಮರ್ರೆ ಬಟ್ಲರ್ ಅವರಿಗೆ ಮತ ಹಾಕಿದರು.

ಅಧಿಕಾರಕ್ಕೆ ಬಂದ ಮೇಲೆ ಹುದ್ದೆ ತೆರವಾದರೆ 1967ರ 25ನೇ ತಿದ್ದುಪಡಿ ಅನ್ವಯಿಸುತ್ತದೆ: ಅಧ್ಯಕ್ಷರು ಹೆಸರಿಸುತ್ತಾರೆ, ಎರಡೂ ಸದನಗಳು ಬಹುಮತದಿಂದ ಒಪ್ಪಬೇಕು. 1973ರಲ್ಲಿ ಸ್ಪೈರೊ ಆಗ್ನ್ಯೂ ರಾಜೀನಾಮೆ ಕೊಟ್ಟಾಗ ಜೆರಾಲ್ಡ್ ಫೋರ್ಡ್ ಬಂದದ್ದು, ಫೋರ್ಡ್ ಅಧ್ಯಕ್ಷರಾದಾಗ ನೆಲ್ಸನ್ ರಾಕ್‌ಫೆಲ್ಲರ್ ಬಂದದ್ದು ಈ ದಾರಿಯಿಂದಲೇ. 1974ರ ಡಿಸೆಂಬರಿನಿಂದ 1977ರ ಜನವರಿವರೆಗೆ ಅಮೆರಿಕದ ಅಧ್ಯಕ್ಷ, ಉಪಾಧ್ಯಕ್ಷ ಇಬ್ಬರೂ ಆ ಹುದ್ದೆಗಳಿಗೆ ಜನರ ಮತದಿಂದ ಬಂದವರಾಗಿರಲಿಲ್ಲ.