32 ಡಿಗ್ರಿ ಅಷ್ಟೇ ಅಲ್ವಾ ಅಂತ ಹೊರಡೋ ಮುಂಚೆ: ಸಿಂಗಾಪುರಕ್ಕೆ ಹಿರಿಯರು, ಮಕ್ಕಳ ಜೊತೆ

ಪ್ರಶ್ನೆ: ನಮಸ್ಕಾರ ಸರ್. ಮೇ ತಿಂಗಳ ರಜೆಗೆ ಫ್ಯಾಮಿಲಿ ಸಮೇತ ಸಿಂಗಾಪುರಕ್ಕೆ ಹೋಗ್ಬೇಕು ಅಂತಿದೀವಿ, ಒಟ್ಟು ಆರು ಜನ. ಮಾವನಿಗೆ 72, ಮಂಡಿ ನೋವು. ಅತ್ತೆಗೆ 68, ಬಿಪಿ ಮಾತ್ರೆ ತಗೋತಾರೆ. ಮಗಳಿಗೆ 9, ಮಗನಿಗೆ 3. ಏಜೆಂಟು 4 ದಿನಕ್ಕೆ 14 ಜಾಗ ಹಾಕಿ ಪ್ಲಾನ್ ಕೊಟ್ಟಿದಾರೆ. ಅಲ್ಲಿ ಸೆಕೆ ತಡ್ಯಕ್ಕಾಗಲ್ಲ ಅಂತ ಕೆಲವರು ಹೆದರಿಸ್ತಿದಾರೆ, ಆದ್ರೆ ಫೋನಲ್ಲಿ ನೋಡಿದ್ರೆ 32 ಡಿಗ್ರಿ ಅಷ್ಟೇ ತೋರಿಸುತ್ತೆ. ನಾವು ದಾವಣಗೆರೆಯವ್ರು, 38 ನೋಡಿರೋರು. ಪ್ಲಾನ್ ಸರಿ ಇದ್ಯಾ?

ಉತ್ತರ: ಮೊದ್ಲು ಆ 32ರ ವಿಷಯ ಮಾತಾಡೋಣ, ಯಾಕಂದ್ರೆ ಉಳಿದಿದ್ದೆಲ್ಲ ಅದ್ರ ಮೇಲೇ ನಿಂತಿದೆ. ಬೇಸಿಗೇಲಿ ಮನೇಲಿ ಮಣ್ಣಿನ ಹೂಜಿ ಇಡ್ತೀರಲ್ವಾ, ಒಳಗಿನ ನೀರು ಹೂಜಿ ಮೈಯಿಂದ ಜಿನುಗಿ ನಿಮ್ಮೂರಿನ ಒಣಗಾಳಿಗೆ ಆರುತ್ತೆ, ಆರುವಾಗ ಶಾಖಾನ ಎಳ್ಕೊಂಡು ಹೋಗುತ್ತೆ, ಅದಕ್ಕೇ ನೀರು ತಣ್ಣಗಿರೋದು. ಅದೇ ಹೂಜಿನ ಮಂಗಳೂರಲ್ಲಿ ಜೂನ್ ಮಳೇಲಿ ಇಟ್ರೆ ನೀರು ಅಷ್ಟು ತಣ್ಣಗಾಗಲ್ಲ, ಗಾಳಿನೇ ನೀರು ಕುಡಿದು ಕೂತಿರುತ್ತೆ. ನಮ್ಮ ಮೈನೂ ಹಂಗೇ. ದಾವಣಗೆರೇಲಿ 38 ಇದ್ರೂ ಬೆವರು ಬಂದಂಗೆ ಆರುತ್ತೆ, ನೆರಳಿಗೆ ಹೋದ್ರೆ ಹಾಯ್ ಅನ್ಸುತ್ತೆ. ಸಿಂಗಾಪುರ ಇರೋದು ಸಮಭಾಜಕ ವೃತ್ತದಿಂದ ಬರೀ 137 ಕಿಲೋಮೀಟರ್ ದೂರದಲ್ಲಿ, ಸುತ್ತ ಸಮುದ್ರ, ಬೆಳಗಿನ ಜಾವ ಗಾಳಿಯ ತೇವಾಂಶ 90 ಪರ್ಸೆಂಟ್ ದಾಟಿರುತ್ತೆ, ಮಧ್ಯಾಹ್ನ ಇಳಿದ್ರೂ 60–70. ಅಲ್ಲಿ ಬೆವರು ಹರಿಯುತ್ತೆ, ಆರಲ್ಲ. 32 ಡಿಗ್ರಿಗೆ 70 ಪರ್ಸೆಂಟ್ ತೇವಾಂಶ ಸೇರಿದ್ರೆ ಮೈಗೆ ಅದು 40 ಡಿಗ್ರಿ ಥರಾನೇ. ನೆರಳಲ್ಲೂ ಪೂರ್ತಿ ಬಿಡುಗಡೆ ಇಲ್ಲ, ರಾತ್ರೀನೂ 25–26 ಇರುತ್ತೆ. ಮೇ ತಿಂಗಳಂತೂ ಅಲ್ಲಿ ವರ್ಷದಲ್ಲೇ ಜಾಸ್ತಿ ಸೆಕೆ ಇರೋ ತಿಂಗಳುಗಳಲ್ಲಿ ಒಂದು. ಇಂಥ ಹವೆಗೆ ಮೈ ಒಗ್ಗಕ್ಕೆ ಒಂದೆರಡು ವಾರ ಬೇಕು, ನಿಮ್ಮ ಹತ್ರ ಇರೋದು ನಾಲ್ಕು ದಿನ.

ಇದನ್ನ ಇಷ್ಟು ಒತ್ತಿ ಹೇಳ್ತಿರೋದಕ್ಕೆ ಕಾರಣ ಇದೆ. ನಾನು ಅಲ್ಲಿ ಕೆಲಸದಲ್ಲಿದ್ದಾಗ ಅಮ್ಮ ಮೊದಲ್ನೇ ಸಲ ಬಂದಿದ್ರು, ನಾನೇ ಪ್ಲಾನ್ ಮಾಡಿ ಬೆಳಿಗ್ಗೆಯಿಂದ ಸುತ್ತಿಸ್ತಾ ಮಧ್ಯಾಹ್ನ ಒಂದೂವರೆ ಹೊತ್ತಿಗೆ ಮರ್ಲಯನ್ (ಸಿಂಹದ ತಲೆ, ಮೀನಿನ ಮೈ ಇರೋ ಪ್ರತಿಮೆ) ಹತ್ರ ಕರ್ಕೊಂಡು ಹೋದೆ. ಫೋಟೋ ತೆಗಿಯಕ್ಕೆ ತಿರುಗಿ ನೋಡ್ತೀನಿ, ಅಮ್ಮ ಕಟ್ಟೆ ಮೇಲೆ ಕೂತುಬಿಟ್ಟಿದಾರೆ. ಕಾಟನ್ ಸೀರೆ ನೆರಿಗೆ ಕಾಲಿಗೆ ಅಂಟ್ಕೊಂಡಿದೆ, ಕೈ ಊದ್ಕೊಂಡು ಬಳೆ ಮಣಿಕಟ್ಟಿಗೆ ಬಿಗಿಯಾಗಿ ಕೂತಿದೆ. ಬ್ಯಾಗಿಂದ ನೀರಿನ ಬಾಟ್ಲಿ ತೆಗೆದ್ರೆ ಬೆಳಿಗ್ಗೆ ತುಂಬ್ಸಿ ಕೊಟ್ಟಿದ್ದು ಕತ್ತಿನವರೆಗೂ ಹಂಗೇ ಇತ್ತು. "ಕುಡಿದ್ರೆ ಮತ್ತೆ ಟಾಯ್ಲೆಟ್ ಎಲ್ಲಿ ಅಂತ ಹುಡುಕೋದು, ನಿಮಗೆಲ್ಲ ಯಾಕೆ ತೊಂದ್ರೆ ಅಂತ ಕುಡೀಲಿಲ್ಲ ಕಣೋ" ಅಂದ್ರು. ಆಮೇಲೆ ಎಷ್ಟೋ ಕುಟುಂಬಗಳಿಗೆ ಪ್ಲಾನ್ ಮಾಡ್ಕೊಟ್ಟಿದೀನಿ, ಇದೇ ಮಾತನ್ನ ಎಷ್ಟೋ ಜನ ಅಮ್ಮಂದಿರ ಬಾಯಲ್ಲಿ ಕೇಳಿದೀನಿ. ಹಾಗಾಗಿ ನಿಮ್ಮ ಅತ್ತೆಯವರಿಗೆ ಹೊರಡೋ ಮುಂಚೇನೇ ಹೇಳಿಬಿಡಿ, ಪ್ರತಿ ಎಂಆರ್‌ಟಿ (ಅಲ್ಲಿನ ಮೆಟ್ರೋ) ಸ್ಟೇಷನ್ನಲ್ಲಿ, ಪ್ರತಿ ಮಾಲಲ್ಲಿ ಕ್ಲೀನಾಗಿರೋ ಟಾಯ್ಲೆಟ್ ಸಿಗುತ್ತೆ, ಧೈರ್ಯವಾಗಿ ನೀರು ಕುಡೀರಿ ಅಂತ. ಅಲ್ಲಿ ನಲ್ಲಿ ನೀರನ್ನೇ ಕುಡೀಬಹುದು, ಬಾಟ್ಲಿ ಕೊಳ್ಳೋ ಅವಶ್ಯಕತೆ ಇಲ್ಲ.

ಬಿಪಿ ಮಾತ್ರೆ ವಿಷಯ. ಕೆಲವು ಬಿಪಿ ಮಾತ್ರೆಗಳು ಮೈಯಿಂದ ನೀರು, ಉಪ್ಪು ಹೊರಗೆ ಹಾಕೋ ಥರದವು, ಅದ್ರ ಮೇಲೆ ದಿನವಿಡೀ ಬೆವರಿದ್ರೆ ತಲೆ ತಿರುಗೋ ಚಾನ್ಸ್ ಜಾಸ್ತಿ. ನೀವಾಗೇ ಮಾತ್ರೆ ನಿಲ್ಸಬೇಡಿ, ಕಮ್ಮಿನೂ ಮಾಡ್ಬೇಡಿ. ಹೊರಡೋಕೆ ಎರಡು ವಾರ ಮುಂಚೆ ಡಾಕ್ಟರ್ ಹತ್ರ ಹೋಗಿ ಹಿಂಗೆ ಸೆಕೆ ಊರಿಗೆ ಹೋಗ್ತಿದೀವಿ, ಓಆರ್‌ಎಸ್ ಕೊಡಬಹುದಾ, ಎಳನೀರು ಎಷ್ಟು ಕುಡೀಬಹುದು ಅಂತ ಕೇಳ್ಕೊಳಿ, ಯಾಕಂದ್ರೆ ಕೆಲವು ಬಿಪಿ ಮಾತ್ರೆ ತಗೊಳೋರಿಗೆ ಎಳನೀರಲ್ಲಿರೋ ಪೊಟ್ಯಾಸಿಯಂ ಕೂಡ ಲೆಕ್ಕಕ್ಕೆ ಬರುತ್ತೆ. ಸುತ್ತಾಡುವಾಗ ತಲೆನೋವು, ಸುಸ್ತು, ವಾಕರಿಕೆ, ಕಾಲು ಸೆಳೆತ ಅಂದ್ರೆ ತಕ್ಷಣ ಎಸಿ ಜಾಗಕ್ಕೆ ಕರ್ಕೊಂಡು ಹೋಗಿ ಕತ್ತು, ಕಂಕುಳಿಗೆ ಒದ್ದೆ ಬಟ್ಟೆ ಇಡಿ, ಸ್ವಲ್ಪ ಸ್ವಲ್ಪ ನೀರು ಕೊಡಿ. ಮಾತು ತೊದಲಿದ್ರೆ ಅಥವಾ ಎಲ್ಲಿದೀನಿ ಅನ್ನೋದೇ ಗೊತ್ತಾಗ್ತಿಲ್ಲ ಅಂದ್ರೆ ಕಾಯ್ಬೇಡಿ, 995ಕ್ಕೆ ಫೋನ್ ಮಾಡಿ, ಅದು ಅಲ್ಲಿನ ಆಂಬುಲೆನ್ಸ್ ನಂಬರ್.

ಈಗ ಪ್ಲಾನ್. 14 ಜಾಗದಲ್ಲಿ ಅರ್ಧ ಹೊಡೆದು ಹಾಕಿ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕೂವರೆವರೆಗೆ ಆಚೆ ಏನೂ ಇಟ್ಕೋಬೇಡಿ, ಊಟ ಮಾಡಿ ರೂಮಿಗೆ ಹೋಗಿ ಎಲ್ರೂ ಮಲಗಿ. ಅಲ್ಲಿನ ಗಡಿಯಾರ ಸೂರ್ಯನಿಗಿಂತ ಮುಂದಿದೆ, ವರ್ಷವಿಡೀ ಬೆಳಗಾಗೋದು ಏಳರ ಸುಮಾರಿಗೆ, ಕತ್ತಲಾಗೋದೂ ಏಳರ ಸುಮಾರಿಗೆ, ಸೂರ್ಯ ನೆತ್ತಿ ಮೇಲೆ ಬರೋದು ಒಂದು ಗಂಟೆಗೆ. ಹಾಗಾಗಿ ಒಂದರಿಂದ ಮೂರು ಅನ್ನೋದು ಕೆಟ್ಟ ಹೊತ್ತು.

ಇನ್ನೊಂದು ವಿಷಯ ಯಾವ ಏಜೆಂಟೂ ಹೇಳಲ್ಲ. ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ ಏಳು ಅಂದ್ರೆ ನಿಮ್ಮ ಮಗನ ಹೊಟ್ಟೆಗೂ ನಿದ್ದೆಗೂ ಇನ್ನೂ ನಾಲ್ಕೂವರೆ, ಎಬ್ಸಿದ್ರೆ ಅಳ್ತಾನೆ. ಅದೇ ಅಲ್ಲಿ ರಾತ್ರಿ ಒಂಬತ್ತೂವರೆ ಅಂದ್ರೆ ಅವನಿಗೆ ಸಂಜೆ ಏಳು, ಕುಣೀತಾ ಇರ್ತಾನೆ. ಆದ್ದರಿಂದ ನಿಮ್ಮ ಟ್ರಿಪ್ಪನ್ನ ಸಂಜೆಗಳ ಮೇಲೆ ಕಟ್ಟಿ. ಗಾರ್ಡನ್ಸ್ ಬೈ ದ ಬೇ ಲೈಟ್ ಶೋ 7:45ಕ್ಕೆ, 8:45ಕ್ಕೆ, ಪೂರ್ತಿ ಫ್ರೀ, ಮರದ ಆಕಾರದಲ್ಲಿ ಕಟ್ಟಿರೋ ಆ ದೊಡ್ಡ ಸೂಪರ್‌ಟ್ರೀಗಳ ಕೆಳಗೆ ಜನ ನೆಲದ ಮೇಲೆ ಅಂಗಾತ ಮಲಗಿ ನೋಡ್ತಾರೆ, ಒಂದು ಬೆಡ್‌ಶೀಟ್ ತಗೊಂಡು ಹೋಗಿ ನೀವೂ ಮಲಗಿ, ಮಾವನವರಿಗೂ ಆರಾಮ. ನೈಟ್ ಸಫಾರಿ ಸಂಜೆ ಏಳೂಕಾಲಿಗೆ ಶುರು, ಟ್ರಾಮಲ್ಲಿ ಕೂತೇ ಪ್ರಾಣಿ ನೋಡಬಹುದು, ಮಂಡಿ ನೋವಿಗೆ ಇದಕ್ಕಿಂತ ಒಳ್ಳೇದಿಲ್ಲ.

ಬೆಳಗಿನ ಹೊತ್ತಿಗೆ ಒಂದೇ ಒಂದು ಜಾಗ ಇಟ್ಕೊಳಿ, ಎಂಟೂವರೆ ಒಂಬತ್ತಕ್ಕೆ ಹೊರಟು ಹನ್ನೊಂದೂವರೆಗೆ ವಾಪಸ್. ಬೊಟಾನಿಕ್ ಗಾರ್ಡನ್ಸ್‌ಗೆ ಹೋಗಿ, 1859ರದ್ದು, 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ, ಎಂಟ್ರಿ ಫ್ರೀ, ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್. ಸಿಂಗಾಪುರ ಝೂನೂ ಬೆಳಿಗ್ಗೆನೇ ಮುಗಿಸಿ. ನಡುಮಧ್ಯಾಹ್ನ ರೂಮಲ್ಲಿ ಇರಕ್ಕಾಗಲ್ಲ ಅಂತ ಮಗಳು ಹಠ ಮಾಡಿದ್ರೆ ಗಾರ್ಡನ್ಸ್ ಬೈ ದ ಬೇ ಗಾಜಿನ ಮನೆಗಳಿವೆ, ಒಳಗೆ 23–25 ಡಿಗ್ರಿ ಇಟ್ಟಿರ್ತಾರೆ, ಕ್ಲೌಡ್ ಫಾರೆಸ್ಟಲ್ಲಿ 35 ಮೀಟರ್ ಎತ್ತರದ ಜಲಪಾತ. ಆದ್ರೆ ಬೆವರಿಂದ ಒದ್ದೆಯಾದ ಬಟ್ಟೇಲಿ ಆ ತಣ್ಣನೆ ಗಾಳಿಗೆ ಹೋದ್ರೆ ಅತ್ತೆಯವ್ರಿಗೆ ನಡುಕ ಬರುತ್ತೆ, ಒಂದು ತೆಳು ಶಾಲು ಯಾವಾಗ್ಲೂ ಬ್ಯಾಗಲ್ಲಿ ಇರ್ಲಿ. ಅಲ್ಲಿ ಮಾಲು, ಮೆಟ್ರೋ ಎಲ್ಲಾ ಕಡೆ ಎಸಿ ಜೋರು. ಸಿಂಗಾಪುರದ ಮೊದಲ ಪ್ರಧಾನಿ ಲೀ ಕುವಾನ್ ಯೂ ಅವ್ರೇ ಹೇಳಿದ್ರು, ಪ್ರಧಾನಿಯಾದ ಮೇಲೆ ಮೊದ್ಲು ಮಾಡಿದ ಕೆಲಸ ಸರ್ಕಾರಿ ಕಚೇರಿಗಳಿಗೆ ಎಸಿ ಹಾಕ್ಸಿದ್ದು ಅಂತ, ಆ ಹವೆ ಗೊತ್ತಿದ್ರೆ ಅದು ಯಾಕೆ ಅಂತ ಅರ್ಥ ಆಗುತ್ತೆ.

ಹೋಟೆಲ್ ಮೇಲೆ ಸ್ವಲ್ಪ ಜಾಸ್ತಿ ಖರ್ಚು ಮಾಡಿ, ಟಿಕೆಟ್ ಕಮ್ಮಿ ಮಾಡಿ. ಮಧ್ಯಾಹ್ನ ವಾಪಸ್ ಬರ್ಬೇಕಂದ್ರೆ ಹೋಟೆಲ್ ಹತ್ರ ಇರ್ಬೇಕು. ನಾನಾದ್ರೆ ಲಿಟ್ಲ್ ಇಂಡಿಯಾ ಎಂಆರ್‌ಟಿ ಸ್ಟೇಷನ್ನಿಗೆ ಐದು ನಿಮಿಷ ನಡಿಗೆಯಲ್ಲಿ ರೂಮ್ ಹುಡುಕ್ತೀನಿ. ಅಲ್ಲಿ ಎರಡು ಲೈನ್ ಸೇರುತ್ತೆ: ಡೌನ್‌ಟೌನ್ ಲೈನಲ್ಲಿ ಒಂದು ಕಡೆ ಬೊಟಾನಿಕ್ ಗಾರ್ಡನ್ಸ್, ಇನ್ನೊಂದು ಕಡೆ ಬೇಫ್ರಂಟ್, ಅಂದ್ರೆ ಗಾರ್ಡನ್ಸ್ ಬೈ ದ ಬೇ. ನಾರ್ತ್ ಈಸ್ಟ್ ಲೈನಲ್ಲಿ ಹಾರ್ಬರ್‌ಫ್ರಂಟ್, ಅಲ್ಲಿಂದ ಸೆಂಟೋಸಾ ದ್ವೀಪ. ಟ್ರೈನ್ ಬದಲಾಯಿಸೋ ಕಷ್ಟನೇ ಇಲ್ಲ. ಎಲ್ಲ ಸ್ಟೇಷನ್ನಲ್ಲೂ ಲಿಫ್ಟ್ ಇದೆ. ಮೊದಲ್ನೇ ದಿನದ ಲೆಕ್ಕಾನೂ ನೋಡ್ಕೊಳಿ, ಬೆಂಗಳೂರಿಂದ ರಾತ್ರಿ ಫ್ಲೈಟ್ ಹತ್ತಿದ್ರೆ ನಾಲ್ಕೂವರೆ ಗಂಟೇಲಿ ಬೆಳಿಗ್ಗೆ ಬೆಳಿಗ್ಗೆ ಇಳೀತೀರಿ, ಹೋಟೆಲಲ್ಲಿ ರೂಮ್ ಕೊಡೋದು ಮಧ್ಯಾಹ್ನ ಎರಡು ಮೂರಕ್ಕೆ. ನಿದ್ದೆ ಇಲ್ಲದ ಆ ಏಳೆಂಟು ಗಂಟೆಗೇ ಸಿಟಿ ಟೂರ್ ತುರುಕಿರ್ತಾರೆ. ಬೇಡ ಅನ್ನಿ. ಹಗಲು ಫ್ಲೈಟ್ ಸಿಕ್ರೆ ಅದೇ ತಗೊಳಿ, ಇಲ್ಲಾ ಅಂದ್ರೆ ದುಡ್ಡು ಕೊಟ್ಟಾದ್ರೂ ಬೆಳಿಗ್ಗೆನೇ ರೂಮ್ ಸಿಗೋ ಹಂಗೆ ಮಾತಾಡ್ಕೊಳಿ.

ಯೂನಿವರ್ಸಲ್ ಸ್ಟುಡಿಯೋಸ್‌ಗೆ ಆರೂ ಜನ ಹೋಗ್ಬೇಡಿ. ಎಲ್ರೂ ಎಲ್ಲಾ ಕಡೆ ಒಟ್ಟಿಗೇ ಇರ್ಬೇಕು ಅನ್ನೋದು ನಮ್ಮ ಪ್ರೀತಿ, ನನಗೂ ಅದು ಇಷ್ಟ, ಆದ್ರೆ ಅದು ಪೂರ್ತಿ ದಿನ ನಿಂತು ನಡೆಯೋ ಜಾಗ. ನೀವಿಬ್ರಲ್ಲಿ ಒಬ್ರು ಮಗಳ ಜೊತೆ ಹೋಗಿ, ಇನ್ನೊಬ್ರು ಅತ್ತೆ, ಮಾವ, ಮಗನ ಜೊತೆ ಅವತ್ತು ಲಿಟ್ಲ್ ಇಂಡಿಯಾದ ಸೆರಂಗೂನ್ ರೋಡಿನ ದೇವಸ್ಥಾನಗಳಿಗೆ ಹೋಗಿ ಬನ್ನಿ. ವೀರಮಾಕಾಳಿಯಮ್ಮನ್ ಗುಡಿ, ಶ್ರೀನಿವಾಸ ಪೆರುಮಾಳ್ ಗುಡಿ ಎರಡೂ ಅದೇ ರೋಡಲ್ಲಿ. ಆ ಕಡೆ ಹಳೇ ಅಂಗಡಿಮನೆಗಳ ಮುಂದೆ ನಮ್ಮ ಜಗಲಿ ಥರ ಸೂರಿರೋ ನಡೆದಾರಿ ಉದ್ದಕ್ಕೂ ಇದೆ, ಬಿಸಿಲೂ ಬೀಳಲ್ಲ, ಮಳೇನೂ ಬೀಳಲ್ಲ.

ಟ್ಯಾಕ್ಸಿ ವಿಷಯದಲ್ಲಿ ಒಂದು ಎಚ್ಚರ. 1.35 ಮೀಟರಿಗಿಂತ ಗಿಡ್ಡ ಇರೋ ಮಕ್ಕಳಿಗೆ ಕಾರಲ್ಲಿ ಚೈಲ್ಡ್ ಸೀಟ್ ಕಡ್ಡಾಯ. ಮೇಲೆ ಬೋರ್ಡ್ ಇರೋ ಮಾಮೂಲಿ ಟ್ಯಾಕ್ಸಿಗಳಿಗೆ ಇದ್ರಿಂದ ವಿನಾಯಿತಿ ಇದೆ, ಆಪಲ್ಲಿ ಬರೋ ಪ್ರೈವೇಟ್ ಕಾರುಗಳಿಗೆ ಇಲ್ಲ, ಡ್ರೈವರ್ ಹತ್ತಿಸ್ಕೊಳಲ್ಲ. ಮಗನಿಗೆ 3 ವರ್ಷ ಆದ್ರೂ ಸ್ಟ್ರೋಲರ್ ತಗೊಂಡೇ ಹೋಗಿ, ನಿದ್ದೆ ಬಂದ ಮಗುನ ಆ ಸೆಕೇಲಿ ಎತ್ಕೊಂಡ್ರೆ ಎರಡು ಮೈಯ ಬೆವರು ಸೇರಿ ಮಗುಗೆ ಬೆವರುಸಾಲೆ ಏಳುತ್ತೆ. ಜೀನ್ಸ್ ಬೇಡ, ದಿನಕ್ಕೆ ಎರಡು ಜೊತೆ ತೆಳು ಬಟ್ಟೆ ಲೆಕ್ಕ ಹಾಕ್ಕೊಳಿ. ಸೊಳ್ಳೆ ಕ್ರೀಮ್ ಮರೀಬೇಡಿ, ಅಲ್ಲೂ ಡೆಂಗಿ ಇದೆ.

ಪ್ರಶ್ನೆ: ನಾವು ಮೈಸೂರಿನವ್ರು, ಈರುಳ್ಳಿ ಬೆಳ್ಳುಳ್ಳಿನೂ ತಿನ್ನದ ಸಸ್ಯಾಹಾರಿಗಳು. ಸಿಂಗಾಪುರಕ್ಕೆ ಮನೆಯಿಂದ ತಿಂಡಿ, ಪುಡಿ ತಗೊಂಡು ಹೋಗಬಹುದಾ?

ಉತ್ತರ: ಚಟ್ನಿಪುಡಿ, ಅವಲಕ್ಕಿ, ಕೋಡುಬಳೆ ತಗೊಂಡು ಹೋಗಿ ತೊಂದ್ರೆ ಇಲ್ಲ. ಗಸಗಸೆ ಮಾತ್ರ ಒಂದು ಕಾಳೂ ಬೇಡ. ಅಲ್ಲಿನ ಡ್ರಗ್ಸ್ ಕಾನೂನಿನ ಪ್ರಕಾರ ಗಸಗಸೆ ನಿಷೇಧ, ಅದ್ರಲ್ಲಿ ಮಾರ್ಫಿನ್ ಅಂಶ ಅಂಟಿರಬಹುದು ಅನ್ನೋದು ಕಾರಣ. ನಮ್ಮ ಹೆಣ್ಮಕ್ಕಳಿಗೆ ಇದು ನೆನಪಾಗೋದೇ ಇಲ್ಲ, ಗಸಗಸೆ ಪಾಯಸದ ಪುಡಿ ಅಂತ ಇಟ್ಕೊಳ್ತಾರೆ, ಕರ್ಜಿಕಾಯಿ ಹೂರಣದಲ್ಲಿರುತ್ತೆ, ಸಾಗು ಮಸಾಲೆಗೆ ಹುರಿದು ಹಾಕಿರ್ತಾರೆ. ಚೂಯಿಂಗ್ ಗಮ್ ಕೂಡ 1992ರಿಂದ ತರೋ ಹಾಗಿಲ್ಲ. ಮಾತ್ರೆಗಳಲ್ಲಿ ನಿದ್ದೆ ಮಾತ್ರೆ, ಕೋಡೀನ್ ಇರೋ ಕೆಮ್ಮಿನ ಸಿರಪ್ ಇದ್ರೆ ಮೊದ್ಲೇ ಅನುಮತಿ ತಗೋಬೇಕು. ಉಳಿದ ಮಾತ್ರೆಗಳ ಚೀಟಿ ಜೊತೇಲಿರ್ಲಿ, ಇನ್ಸುಲಿನ್ ಇದ್ರೆ ಕೈಬ್ಯಾಗಲ್ಲೇ ಇಟ್ಕೊಳಿ.

ಊಟಕ್ಕೆ ಚಿಂತೆ ಬೇಡ. ಸೆರಂಗೂನ್ ರೋಡಲ್ಲಿ 1947ರಿಂದ ಇರೋ ಕೋಮಲ ವಿಲಾಸ್ ಇದೆ, ನಮ್ಮ ಎಂಟಿಆರ್ ಕೂಡ ಇದೆ. ಸಾಲು ಸಾಲು ಊಟದಂಗಡಿ ಇರೋ ಹಾಕರ್ ಸೆಂಟರ್‌ಗಳಲ್ಲಿ ಬರೀ ತರಕಾರಿ ಅಂತ ಕೊಟ್ಟ ಪಲ್ಯದಲ್ಲೂ ಒಣ ಸೀಗಡಿ ಅರೆದ ಬೆಲಚಾನ್ ಇರಬಹುದು, ಕೇಳ್ದೆ ತಿನ್ಬೇಡಿ. ಬೌದ್ಧರ ವೆಜಿಟೇರಿಯನ್ ಅಂಗಡಿಗಳಲ್ಲಿ ಎಷ್ಟೋ ಕಡೆ ಈರುಳ್ಳಿ ಬೆಳ್ಳುಳ್ಳಿನೂ ಹಾಕಲ್ಲ, ಮೊಟ್ಟೆ ಇದ್ಯಾ ಅಂತ ಒಂದ್ಮಾತು ಕೇಳಿದ್ರೆ ಸಾಕು.

ಪ್ರಶ್ನೆ: ಮೇ ಬೇಡ ಅಂದ್ರೆ ದಸರಾ ರಜೆನಾ, ಡಿಸೆಂಬರ್ರಾ?

ಉತ್ತರ: ಹವೆ ಒಂದೇ ನೋಡೋದಾದ್ರೆ ಫೆಬ್ರವರಿ, ಮಳೆ ಕಮ್ಮಿ, ಆದ್ರೆ ಮಕ್ಕಳಿಗೆ ಸ್ಕೂಲಿರುತ್ತೆ. ದಸರಾ ಹೊತ್ತಿಗೆ ಮಧ್ಯಾಹ್ನ ಗುಡುಗು ಮಳೆ, ಜೊತೆಗೆ ಕೆಲವು ವರ್ಷ ಸುಮಾತ್ರಾ ಕಡೆ ಕಾಡು ಸುಟ್ಟ ಹೊಗೆ ಬಂದು ತುಂಬ್ಕೊಳುತ್ತೆ, 2015ರಲ್ಲಿ ತುಂಬಾ ಕೆಟ್ಟದಾಗಿತ್ತು, ಮನೇಲಿ ಉಬ್ಬಸ ಇರೋರಿದ್ರೆ ಆ ಸಮಯ ಬಿಟ್ಟುಬಿಡಿ. ಡಿಸೆಂಬರಲ್ಲಿ ಮಳೆ ಜಾಸ್ತಿ, ಆದ್ರೆ ಸೆಕೆ ಒಂದೆರಡು ಡಿಗ್ರಿ ಕಮ್ಮಿ. ವಯಸ್ಸಾದವರ ಜೊತೆ ಹೋಗೋದಾದ್ರೆ ನಾನು ಡಿಸೆಂಬರ್ ಮಳೇನೇ ಆರಿಸ್ತೀನಿ. ಮೆಟ್ರೋ ಸ್ಟೇಷನ್ ಸುತ್ತ ನಡೆದಾರಿಗಳಿಗೆ ಸೂರು ಹಾಕಿದಾರೆ, ಆರು ಜನಕ್ಕೆ ಮೂರು ಕೊಡೆ ಇದ್ರೆ ಆಯ್ತು.